ಹಾಲೂ ಉಕ್ಕಬೇಕು, ಹಳೇ ಕಂಪ್ಯೂಟರೂ ಏಳಬೇಕು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾಳೆ ಬೆಳಗ್ಗೆ ಇಡೀ ಶ್ರೀರಾಂಪುರದ ಹಾಲು ಒಡೆದು ಹೋಗಲಿ. ಉರಿಯುವ ಒಲೆಯ ಮುಂದೆ ನಿಂತು ಕೇಳಿಸಿಕೊಂಡ ಮಾತುಗಳಿವು. ಒಲೆಯ ಮುಂದೆ ಸುಳ್ಳಾಡಿದವರ ಬೇಳೆ ಎಲ್ಲಿ ತಾನೇ ಬೆಂದೀತು?

ಬೆಳಗಿನ ಐದು ಗಂಟೆ. ಬಡಾವಣೆಯ ತಿರುವಿನಲ್ಲಿರುವ ಹಾಲಿನ ಬೂತಿಗೆ ಗಾಡಿ ಬಂದು ಇಪ್ಪತ್ತಾರು ಕ್ರೇಟು ಇಳಿಸಿ ಹೋಗಿದೆ. ಕ್ರೇಟುಗಳ ಹಿಂದೆ ಒಂದು ಕಲ್ಲಿನ ಕಟ್ಟೆ. ಅದರ ಮೇಲೆ ಒಂದು ಕಡೆ ಗ್ಯಾಸ್ ಒಲೆ, ಒಲೆಯ ಮೇಲೆ ಅರ್ಧ ಲೀಟರ್ ಹಾಲಿನ ಪಾತ್ರೆ. ಇನ್ನೊಂದು ಕಡೆ ಮಂಡಕಳ್ಳಿಯ ಪುಟ್ಟ ವಾಚನಾಲಯದಿಂದ ಬಂದಿರುವ ಹಳೇ ಕಂಪ್ಯೂಟರ್, ಬಿಳಿ ಬಣ್ಣ ಹೋಗಿ ಹಲ್ಲಿನ ಹಳದಿ ಬಂದಿದೆ. ಬೂತು ನಡೆಸುವ ಇಂದ್ರಮ್ಮ ಎಡಗೈಯಲ್ಲಿ ಒಲೆ ಹಚ್ಚುತ್ತಾರೆ, ಬಲಗೈಯಲ್ಲಿ ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ಎರಡೂ ಒಂದೇ ಗಳಿಗೆಗೆ.

ಕಂಪ್ಯೂಟರಿನ ಒಳಗಿನ ಫ್ಯಾನು ಎಂಥಾ ಸದ್ದು ಎಬ್ಬಿಸುತ್ತದೆಂದರೆ, ಸಾಲಿನಲ್ಲಿ ನಿಂತ ರಾಮಯ್ಯ ಕತ್ತೆತ್ತಿ ಆಕಾಶ ನೋಡುತ್ತಾರೆ. ಹನ್ನೆರಡು ವರ್ಷದಿಂದ ಈ ಬೂತಿನ ಮೊದಲ ಪ್ಯಾಕೆಟ್ಟು ಅವರದೇ, ಮೊದಲ ತಮಾಷೆಯೂ ಅವರದೇ.

“ಏನ್ ಇಂದ್ರಮ್ಮೋರೆ, ಮಂಡಕಳ್ಳಿ ಏರ್‌ಪೋರ್ಟ್ ವಿಮಾನ ಇವತ್ತು ಬೇಗ ಬಂದ್ಬುಡ್ತಾ?”

“ವಿಮಾನ ಅಲ್ಲ ಕಣ್ರೀ, ಇವಳು ಹದಿನೇಳು ವರ್ಷದ ಮುದುಕಿ. ಏಳೋಕೆ ಮುಂಚೆ ಸೊಂಟ ಇಡ್ಕೊಂಡು ಗೊಣಗ್ತಾಳೆ. ನಿಮ್ಮಂಗೇ.”

ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣುತ್ತದೆ. ಪರದೆಯ ಮೇಲೆ ಬಿಳಿ ಅಕ್ಷರಗಳು ಇರುವೆ ಸಾಲಿನಂತೆ ಓಡುತ್ತವೆ. ಕೆನೆ ಎದ್ದು ಪಾತ್ರೆಯ ಕಂಠಕ್ಕೆ ಬರುವಷ್ಟರಲ್ಲಿ ನೀಲಿ ಪರದೆ ಬೆಳಗಿ ಬಾಣದ ಗುರುತು ಮೂಡುತ್ತದೆ. ಒಲೆ ಆರುತ್ತದೆ. ಇಂದ್ರಮ್ಮ ಕೀಲಿಮಣೆಯಲ್ಲಿ ಒಂದು ಸಾಲು ಬರೆದು ಸೇವ್ ಮಾಡುತ್ತಾರೆ. ಆಮೇಲೆ ಬಗ್ಗಿ, ಯಾವ ಮುನ್ಸೂಚನೆಯೂ ಇಲ್ಲದೆ, ಗೋಡೆಯ ಪ್ಲಗ್ಗನ್ನು ಕಿತ್ತೇ ಬಿಡುತ್ತಾರೆ.

“ಅಯ್ಯೋ, ಈಗ ತಾನೆ ಎದ್ದಿತ್ತಲ್ಲಮ್ಮ!” ಎನ್ನುತ್ತಾರೆ ರಾಮಯ್ಯ.

“ಎದ್ರೆ ಸಾಲ್ದು. ಬಿದ್ದು ಎದ್ದ ಮೇಲೂ ಜ್ಞಾಪಕ ಇರ್ಬೇಕು.”

ಆ ಪ್ಲಗ್ಗಿನ ಹಿಂದೆ ಒಂದು ದೊಡ್ಡ ಕಥೆ ಇದೆ. ಮೊದಲು ಈ ಹಾಲಿನಮ್ಮನ ಕೈಗೆ ಕಂಪ್ಯೂಟರು ಸಿಕ್ಕಿದ್ದು ಹೇಗೆ ಎಂಬುದಾಗಲಿ.

ಐವತ್ತನಾಲ್ಕು ವರ್ಷದ ಇಂದ್ರಮ್ಮ ಹುಟ್ಟಿದ್ದು ಮಂಡಕಳ್ಳಿಯ ಒಕ್ಕಲು ಮನೆಯಲ್ಲಿ. ಓದಿದ್ದು ಏಳನೇ ಕ್ಲಾಸು. ಅವರ ತಮ್ಮ ವಿಜಯ್‌ಕುಮಾರ್ ಹಿನಕಲ್‌ನಲ್ಲಿ ಒಂದು ಇಂಟರ್‌ನೆಟ್ ಸೆಂಟರ್ ಇಟ್ಟಿದ್ದ. ಬೆಳಗಿನ ಹಾಲು ಮುಗಿಸಿ, ಅಕ್ಕ ಅಲ್ಲಿಗೆ ಹೋಗಿ ನೆಲ ಒರೆಸಿ, ಮಧ್ಯಾಹ್ನ ತಮ್ಮ ಊಟಕ್ಕೆ ಎದ್ದಾಗ ಗಲ್ಲಾದಲ್ಲಿ ಕೂರುತ್ತಿದ್ದರು. ಎಂಟು ವರ್ಷ ಕೂತರು. ಕೂತವರು ಸುಮ್ಮನೆ ಕೂರಲಿಲ್ಲ. ಮೆಷಿನ್ನು ಕೆಟ್ಟು ಮೆಕ್ಯಾನಿಕ್ ಬಂದಾಗಲೆಲ್ಲ ಅವನ ಭುಜದ ಹಿಂದೆ ನಿಂತು, ಅತ್ತೆ ಸಾರಿಗೆ ಎಷ್ಟು ಉಪ್ಪು ಹಾಕಿದಳು ಎಂದು ನೋಡುವ ಸೊಸೆಯ ಹಾಗೆ ನೋಡಿಕೊಂಡರು.

ಎಲ್ಲರ ಕೈಗೂ ಮೊಬೈಲ್ ಬಂತು, ಸೆಂಟರ್ ಬಾಗಿಲು ಹಾಕಿತು. ವಿಜಯ್‌ಕುಮಾರ್ ಪೇಂಟಿನ ಅಂಗಡಿ ಸೇರಿಕೊಂಡ. ಹನ್ನೊಂದು ಕಂಪ್ಯೂಟರುಗಳು ಅಕ್ಕನ ಬೂತಿನ ಹಿಂದೆ ಬಂದು ಬಿದ್ದವು. ಒಂದರೊಳಗೆ ಹಲ್ಲಿ ಮೊಟ್ಟೆಯಿಟ್ಟು, ಮರಿ ಮಾಡಿ, ಆ ಮರಿಗಳೂ ಮೊಟ್ಟೆಯಿಟ್ಟು ಮೂರು ತಲೆಮಾರಿನ ಸಂಸಾರ ನಡೆದಿತ್ತಂತೆ. ಗುಜರಿಯವರು ತಕ್ಕಡಿ ತಂದರು. ಇಂದ್ರಮ್ಮ ಕೊಡಲಿಲ್ಲ.

“ತೂಕಕ್ಕೆ ಆಕೋಕೆ ಅದೇನು ಹಳೇ ಕಬ್ಬಿಣವಾ? ಮೆಷಿನ್ನು ಮುದಿಯಾಗಿರ್ಲಿಲ್ಲ ಕಣಪ್ಪ, ಅದ್ರ ಮೇಲೆ ಹೊರ್ಸಿದ್ ಹೊರೆ ಜಾಸ್ತಿ ಆಗಿತ್ತು ಅಷ್ಟೆ. ಎಂಬತ್ತು ವರ್ಷದ್ ಅಜ್ಜಿ ತಲೆ ಮೇಲೆ ಜೋಡಿ ಕೊಡ ಇಟ್ಬುಟ್ಟು, ನಡೀತಿಲ್ಲ ಅಂದ್ರೆ ಯಾರ್ ತಪ್ಪು?”

ಹೊರೆ ಇಳಿಸುವ ಉಪಾಯದ ಹೆಸರು ಲಿನಕ್ಸ್. ಕಂಪ್ಯೂಟರನ್ನು ಒಳಗಿನಿಂದ ನಡೆಸುವ ವ್ಯವಸ್ಥೆ ಅದು, ಕಾಸು ಕೊಡಬೇಕಿಲ್ಲ. ರಾಗಿಯಲ್ಲಿ ತಳಿಗಳಿರುವಂತೆ ಅದರಲ್ಲೂ ನೂರಾರು ತಳಿ. ಕೆಲವು ಭಾರ, ಕೆಲವು ಹಗುರ. ಯಾವ ಮುದಿ ಮೆಷಿನ್ನಿಗೆ ಯಾವ ತಳಿ ಎಂದು ಆರಿಸುವುದೇ ಇಂದ್ರಮ್ಮನ ವಿದ್ಯೆ. ತಳಿಗಳ ಇಂಗ್ಲಿಷ್ ಹೆಸರು ಅವರ ನಾಲಿಗೆಗೆ ಹೊರಳಲಿಲ್ಲ. ಹಾಗಾಗಿ ತಳಿಗೊಂದರಂತೆ ತುಂಬಿಟ್ಟ ಮೂರು ಪೆನ್‌ಡ್ರೈವ್‌ಗಳಿಗೆ ಬಿಳಿ ಪಟ್ಟಿ ಸುತ್ತಿ ತಮ್ಮದೇ ಹೆಸರು ಬರೆದಿದ್ದಾರೆ: ಗುಬ್ಬಿ, ಮೇಕೆ, ಎತ್ತು. ಮೂರೂ ತಾಳಿಸರದ ಪಕ್ಕದಲ್ಲೇ ಕಪ್ಪು ದಾರದಲ್ಲಿ ನೇತಾಡುತ್ತವೆ.

ಕಂಪ್ಯೂಟರಿನ ಒಳಾಂಗಣವನ್ನು ಅವರು ವಿವರಿಸುವ ರೀತಿ ಯಾವ ಕಾಲೇಜಿನಲ್ಲೂ ಸಿಗುವುದಿಲ್ಲ. “ರ್‍ಯಾಮ್ ಅಂದ್ರೆ ಅಡುಗೆ ಕಟ್ಟೆ. ತರಕಾರಿ ಹೆಚ್ಚೋದು, ಹಿಟ್ಟು ಕಲ್ಸೋದು ಎಲ್ಲ ಅಲ್ಲೇ. ಹಾರ್ಡ್‌ಡಿಸ್ಕ್ ಅಂದ್ರೆ ಉಗ್ರಾಣ. ಕಟ್ಟೆ ಚಿಕ್ಕದಿರೋ ಮನೇಲಿ ಮದ್ವೆ ಅಡುಗೆ ಮಾಡೋಕಾಗಲ್ಲ. ಅಂಥ ಮನೆಗೆ ಗುಬ್ಬಿ. ಸ್ವಲ್ಪ ಅಗಲ ಇದ್ರೆ ಮೇಕೆ. ಗಟ್ಟಿ ಇದ್ರೆ ಎತ್ತು. ಮೊದ್ಲು ಕಟ್ಟೆ ನೋಡ್ಬೇಕು, ಆಮೇಲೆ ಅಕ್ಕಿ ಅಳೀಬೇಕು.”

ಬಹಳ ದಿನ ಅವರಿಗೆ ಒಂದೇ ಪರೀಕ್ಷೆ ಇತ್ತು: ಹಾಲು ಉಕ್ಕುವುದರೊಳಗೆ ಕಂಪ್ಯೂಟರು ಏಳಬೇಕು. ಮೇಕೆ ಒಮ್ಮೊಮ್ಮೆ ಸೋಲುತ್ತಿತ್ತು, ಎತ್ತಂತೂ ಒಲೆಯೆಲ್ಲ ಹಾಲಾದ ಮೇಲೆ ಏಳುತ್ತಿತ್ತು. ಗುಬ್ಬಿ ಮಾತ್ರ ಹಾಲು ಬೆಚ್ಚಗಾಗುವುದರೊಳಗೆ ಪುರ್ರನೆ ಎದ್ದು ಕೂರುತ್ತಿತ್ತು. ಆ ವೇಗಕ್ಕೆ ಮರುಳಾದದ್ದೇ ತಪ್ಪಾಯಿತು.

ತೇಜಸ್ವಿನಿ ಅದೇ ಬಡಾವಣೆಯ ಲೇಡೀಸ್ ಟೈಲರ್. ಮುನ್ನೂರ ಹದಿನಾರು ಹೆಂಗಸರ ಬ್ಲೌಸಿನ ಅಳತೆ ಅವರ ಒಂದು ದಪ್ಪ ನೋಟುಬುಕ್ಕಿನಲ್ಲಿತ್ತು. ಎದೆ, ಸೊಂಟ, ತೋಳು, ಬೆನ್ನಿನ ಕತ್ತು, ಎಲ್ಲ. ಬೆಳ್ಳಿಹುಳು ಆ ಬುಕ್ಕನ್ನು ತಿನ್ನುತ್ತಾ ತಿನ್ನುತ್ತಾ ‘ಸ’ ಅಕ್ಷರದವರೆಗೆ ಬಂದಿತ್ತು. ಕಳೆದ ವರ್ಷ ಏಪ್ರಿಲ್ ಕೊನೆಯಲ್ಲಿ, ಮದುವೆಗಳ ಭರಾಟೆ ಶುರುವಾಗುವ ಹೊತ್ತಿಗೆ, ತಮ್ಮ ಹಳೇ ಕಂಪ್ಯೂಟರನ್ನು ಇಂದ್ರಮ್ಮನ ಕಟ್ಟೆಗೆ ತಂದಿಟ್ಟರು.

“ಅಕ್ಕ, ನಾನು ಸೂಜಿಗೆ ದಾರ ಪೋಣಿಸೋದ್ರೊಳಗೆ ಇದು ಎದ್ಬುಡ್ಬೇಕು.”

“ನೀನು ದಾರದ ತುದಿ ಎಂಜಲು ಮಾಡ್ಕೊಳ್ಳೋದ್ರೊಳಗೇ ಏಳುತ್ತೆ ಬುಡಮ್ಮ” ಎಂದು ಇಂದ್ರಮ್ಮ ಗುಬ್ಬಿ ಹಾಕಿಕೊಟ್ಟರು.

ತೇಜಸ್ವಿನಿ ಮೂರು ದಿನ ಮೆಷಿನ್ನು ಆರಿಸದೆ ಮುನ್ನೂರ ಹದಿನಾರೂ ಅಳತೆ ತುಂಬಿದರು. ಹೆಸರಿಗೊಮ್ಮೆ ಸೇವ್ ಒತ್ತಿದರು. ಮುಗಿದ ಸಂತೋಷಕ್ಕೆ, ಹುಳು ತಿಂದ ಬುಕ್ಕನ್ನು ಬೀದಿಯ ಕಡಲೆಕಾಯಿ ಗಾಡಿಯವರಿಗೆ ಪೊಟ್ಟಣ ಕಟ್ಟಲು ಕೊಟ್ಟುಬಿಟ್ಟರು. ಅಂದು ಸಂಜೆಯೇ ಭರಣಿ ಮಳೆ ಗಾಳಿ ಸಮೇತ ಬಂತು. ಗುಲ್‌ಮೊಹರ್ ಮರದ ಕೊಂಬೆ ತಂತಿಯ ಮೇಲೆ ಮುರಿದು ಬಿತ್ತು. ಕರೆಂಟು ಹೋಯಿತು. ಕರೆಂಟು ಬಂದಾಗ ಗುಬ್ಬಿ ಎಂದಿನಂತೆ ಪುರ್ರನೆ ಎದ್ದಿತು. ಆದರೆ ಒಂದೇ ಒಂದು ಅಳತೆ ಇರಲಿಲ್ಲ.

“ಸೇವ್ ಮಾಡಿದ್ದೆ ಕಣಕ್ಕ! ಒಂದೊಂದಕ್ಕೂ ಒತ್ತಿದ್ದೆ!” ಎಂದು ತೇಜಸ್ವಿನಿ ಬೂತಿನ ಮುಂದೆ ಬಂದು ಅತ್ತರು. ಮುಂದಿನ ವಾರದ ಮದುವೆಗಳಿಗೆ ನಲವತ್ತೆರಡು ಬ್ಲೌಸ್ ಕೊಡಬೇಕಿತ್ತು. ಅಳತೆ ಕಳೆದ ಟೈಲರ್ ಎಂಬ ಹೆಸರು ಒಮ್ಮೆ ಬಂದರೆ ಮತ್ತೆ ಯಾರು ಬಟ್ಟೆ ಕೊಡುತ್ತಾರೆ?

ಇಂದ್ರಮ್ಮನಿಗೆ ಆಗ ಹೊಳೆಯಿತು. ಗುಬ್ಬಿ ಅಷ್ಟು ಹಗುರ ಯಾಕೆಂದರೆ ಅದು ಉಗ್ರಾಣದ ಬಾಗಿಲನ್ನೇ ತೆಗೆಯುವುದಿಲ್ಲ. ಎಲ್ಲವನ್ನೂ ಅಡುಗೆ ಕಟ್ಟೆಯ ಮೇಲೇ ಇಟ್ಟುಕೊಂಡಿರುತ್ತದೆ, ಸೇವ್ ಮಾಡಿದ್ದನ್ನೂ. ಕರೆಂಟು ಹೋದರೆ ಕಟ್ಟೆ ಒರೆಸಿಟ್ಟಂತೆ ಖಾಲಿ.

“ತಪ್ಪು ನಿಂದಲ್ಲ ಕಣಮ್ಮ. ಬೇಗ ಏಳುತ್ತೆ ಅಂತ ಕುಣುದ್ಬುಟ್ಟೆ, ಏನೂ ಹೊರಲ್ಲ ಅಂತ ನೋಡ್ಲಿಲ್ಲ. ಅಳತೆ ನಾನು ತಂದ್ಕೊಡ್ತೀನಿ.”

“ಮುನ್ನೂರು ಜನದ್ದು ಎಂಗಕ್ಕ ತರ್ತೀಯ?”

“ದಿನಾ ಅವ್ರ ಬಾಗ್ಲಿಗೆ ಹೋಗೋಳು ಯಾರು? ನೀನಾ, ನಾನಾ?”

ಶ್ರೀರಾಂಪುರದ ಗೇಟುಗಳಲ್ಲಿ ರಾತ್ರಿಯೇ ಹಾಲಿನ ಚೀಲ ತೂಗುಹಾಕಿರುತ್ತಾರೆ. ಮರುದಿನ ಪ್ರತಿ ಚೀಲದಲ್ಲೂ ಹಾಲಿನ ಜೊತೆ ಒಂದು ಚೀಟಿ: ‘ಮನೆಯ ಒಬ್ಬೊಬ್ಬ ಹೆಂಗಸರದೂ ಸರಿಯಾಗಿ ಕೂರುವ ಒಂದೊಂದು ಬ್ಲೌಸ್, ಹೆಸರಿನ ಚೀಟಿ ಸಮೇತ, ನಾಳೆ ಚೀಲದಲ್ಲಿ ಇಡಿ. ಯಾಕೆಂದು ಕೇಳಬೇಡಿ.’ ಅದರ ಮರುದಿನ ಬೆಳಗ್ಗೆ ಗೇಟು ಗೇಟಿನಲ್ಲೂ ಕೆಂಪು, ಹಸಿರು, ಮಾವಿನ ಬಣ್ಣದ ಬ್ಲೌಸುಗಳು ತೂಗಾಡಿದವು. ದಸರಾ ತೋರಣಕ್ಕೆ ತಿಂಗಳು ತಪ್ಪಿತೇ ಎಂದು ಬೆಳಗಿನ ವಾಕಿಂಗಿನವರು ನಿಂತು ನೋಡಿದರು. ಇಂದ್ರಮ್ಮ ಹಾಲು ಇಟ್ಟರು, ಬ್ಲೌಸ್ ತೆಗೆದುಕೊಂಡರು. ಸಂಜೆಯೊಳಗೆ ತೇಜಸ್ವಿನಿ ಅಳೆದು ಬರೆದರು, ಮರುದಿನ ಹಾಲಿನ ಜೊತೆ ಬ್ಲೌಸೂ ಮನೆ ಸೇರಿತು.

ಬಿಗಿ ಬ್ಲೌಸಿನವರ ಮನೆಗಳಲ್ಲಿ ಕತ್ತಿಗೆ ಟೇಪು ಹಾಕಿಕೊಂಡು ಇಂದ್ರಮ್ಮನೇ ಗೇಟಿನಲ್ಲಿ ನಿಂತರು. ಮೂಲೆಮನೆಯ ಚಾಮುಂಡಮ್ಮ ರೇಗಿದರು. “ಅರ್ಧ ಲೀಟರ್ ಹಾಲಿಗೆ ನನ್ ಸೊಂಟದ್ ಸುತ್ತಳತೇನೂ ಕೊಡ್ಬೇಕೇನೇ?”

“ಕೊಡ್ಬುಡಿ ಚಾಮುಂಡಮ್ಮೋರೆ. ನೀವು ಇಂಚು ಕಮ್ಮಿ ಹೇಳಿದ್ರೆ ಮದ್ವೆ ಮನೇಲಿ ಹೊಲಿಗೆ ನಿಜ ಹೇಳ್ಬುಡುತ್ತೆ!”

ಎಂಟು ದಿನದಲ್ಲಿ ಇನ್ನೂರ ತೊಂಬತ್ತೊಂದು ಅಳತೆ ಸಿಕ್ಕವು. ಹದಿನಾಲ್ಕು ಕಡಲೆಕಾಯಿ ಪೊಟ್ಟಣಗಳ ರೂಪದಲ್ಲಿ ವಾಪಸಾದವು. ಆರು ಪೊಟ್ಟಣ ತಂದವರು ರಾಮಯ್ಯ. ಅದಕ್ಕಾಗಿ ಆ ವಾರವೆಲ್ಲ ಕಡಲೆಕಾಯಿ ತಿಂದು ಹೊಟ್ಟೆ ಉಬ್ಬರಿಸಿಕೊಂಡಿದ್ದರು. ಹನ್ನೊಂದು ಇನ್ನೂ ಸಿಕ್ಕಿಲ್ಲ. ನಲವತ್ತೆರಡು ಬ್ಲೌಸುಗಳು ಮಾತ್ರ ಒಂದೂ ತಪ್ಪದೆ ಮುಹೂರ್ತಕ್ಕೆ ಮುಂಚೆ ಮನೆ ಸೇರಿದವು.

ಅಷ್ಟರಲ್ಲಿ ತೇಜಸ್ವಿನಿಯ ಕಂಪ್ಯೂಟರಿಗೆ ಮೇಕೆ ಬಂದಿತ್ತು, ಅದೂ ಉಗ್ರಾಣದೊಳಗೇ ಬೇರು ಬಿಡುವಂತೆ. ಒಲೆ ಹಚ್ಚಿ ಗುಂಡಿ ಒತ್ತಿದರು. ಹಾಲು ಏರಿತು, ಉಕ್ಕಿತು, ಒಲೆಯ ಮೇಲೆಲ್ಲ ಹರಿಯಿತು. ಮೇಕೆ ಇನ್ನೂ ಕಣ್ಣುಜ್ಜಿಕೊಳ್ಳುತ್ತಿತ್ತು.

ಪಕ್ಕದಲ್ಲಿದ್ದ ವಿಜಯ್‌ಕುಮಾರ್ ಕೈಚೆಲ್ಲಿದ. “ಫೇಲು ಕಣಕ್ಕ.”

“ಲೇ, ಗೃಹಪ್ರವೇಶಕ್ಕೆ ಹಾಲು ಯಾಕ್ಲಾ ಉಕ್ಕುಸ್ತಾರೆ? ಹೊಸ ಸಂಸಾರ ಮನೆ ಒಳಕ್ಕೆ ಬಂತು ಅಂತ ತಾನೆ? ಉಕ್ಲಿ ಬುಡು. ನಿಧಾನಕ್ಕೆ ಏಳ್ಲಿ. ಇಟ್ಟಿದ್ದು ಇಟ್ಟಂಗೇ ಇದ್ರೆ ಸಾಕು.”

ಅಂದಿನಿಂದ ಎರಡನೇ ಪರೀಕ್ಷೆ ಬಂತು. ಒಂದು ಸಾಲು ಬರೆ, ಸೇವ್ ಮಾಡು, ಪ್ಲಗ್ ಕೀಳು, ಮತ್ತೆ ಎಬ್ಬಿಸು. ಸಾಲು ಇದ್ದರೆ ಪಾಸು. ಕೊಡುವ ಮುಂಚೆ ಒಂದು ಪ್ರಶ್ನೆಯೂ ಸೇರಿದೆ: ಇದರಲ್ಲಿ ಏನು ಮಾಡ್ತೀರಿ? ಸಿನಿಮಾ ನೋಡುವವರಿಗೊಂದು, ಬರೆದಿಡುವವರಿಗೊಂದು. ಗುಬ್ಬಿಯನ್ನು ಅವರು ಬಿಸಾಡಿಲ್ಲ. ಕೆಟ್ಟ ಮೆಷಿನ್ನು ಬಂದಾಗ ಅದನ್ನೇ ಹಾಕಿ ಉಗ್ರಾಣದಲ್ಲಿ ಸಿಕ್ಕಿಬಿದ್ದ ಫೋಟೊ, ಕಾಗದ ಹೊರಗೆ ತೆಗೆಯುತ್ತಾರೆ. “ಗುಬ್ಬಿಗೆ ಗುಬ್ಬಿ ಕೆಲ್ಸ ಕೊಡ್ಬೇಕು, ನೇಗಿಲು ಕಟ್ಬಾರ್ದು” ಎನ್ನುತ್ತಾರೆ.

ಮುಂಜಾನೆ ಮೂರೂ ಮುಕ್ಕಾಲಿಗೆ ಎದ್ದು, ನೂರ ನಲವತ್ತು ಬಾಗಿಲಿಗೆ ಹಾಲು ಹಾಕಿ, ಎಂಟೂವರೆಗೆ ಬೂತಿನ ಹಿಂದೆ ರಿಪೇರಿಗೆ ಕೂರುವುದು ಅವರ ದಿನಚರಿ. ವಾರಕ್ಕೆ ನಾಲ್ಕು ಮೆಷಿನ್ನು. ಇದುವರೆಗೆ ಎದ್ದು ನಡೆದವು ಇನ್ನೂರ ಹನ್ನೆರಡು. ಹೊಲಿಗೆಯಂಗಡಿ, ಟ್ಯೂಷನ್ ಮನೆ, ವಾಚನಾಲಯ, ಭಜನೆ ಮಂಡಳಿ, ಎಲ್ಲೆಲ್ಲೋ ಅವು ಗೊಣಗುತ್ತಾ ದುಡಿಯುತ್ತಿವೆ. ಹಲ್ಲಿ ಸಂಸಾರವನ್ನೂ ಬೀದಿಪಾಲು ಮಾಡಿಲ್ಲ. ಅವಕ್ಕೆ ಒಂದು ಖಾಲಿ ಡಬ್ಬ ಬಿಟ್ಟುಕೊಟ್ಟಿದ್ದಾರೆ.

ಇಂದು ಮಂಡಕಳ್ಳಿಯ ಮುದುಕಿ ಎರಡನೇ ಸಲ ಏಳುತ್ತಾಳೆ. ಬರೆದಿಟ್ಟ ಸಾಲು ಪರದೆಯ ಮೇಲೆ ಹಾಗೇ ಇದೆ: ‘ಇಂದ್ರಮ್ಮ, ಹಾಲು, ಶ್ರೀರಾಂಪುರ.’ ಇಂದ್ರಮ್ಮ ಅದನ್ನು ಒಮ್ಮೆ ಬೆರಳಿನಿಂದ ಮುಟ್ಟಿ, ಕಾದ ಹಾಲಿಗೆ ಕಾಫಿ ಡಿಕಾಕ್ಷನ್ ಬೆರೆಸುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದರೆ ನಗುತ್ತಾರೆ. “ಪೆನ್‌ಡ್ರೈವ್ ಇಟ್ಕೊಳ್ಳೋಕೆ ಒಳಜೇಬಿರೋ ಒಂದು ಬ್ಲೌಸು. ದಾರ ಕತ್ತಿಗೆ ಒತ್ತುತ್ತೆ ನೋಡಿ. ತೇಜಸ್ವಿನಿ ಹೊಲಿದ್ ಕೊಡ್ತೀನಿ ಅಂತ ವರ್ಷದಿಂದ ಬಟ್ಟೆ ಕತ್ತರಿಸೋಕೆ ಕೂತವ್ಳೆ. ಅಳತೆ ಕೊಡೋಕೆ ನಂಗೆಲ್ಲಮ್ಮ ಪುರಸೊತ್ತು?”

ಬಡಾವಣೆಯ ಎಲ್ಲರ ಅಳತೆ ಹೊತ್ತು ತಂದವರ ಅಳತೆಯೇ ಆ ಕಂಪ್ಯೂಟರಿನಲ್ಲಿಲ್ಲ. ಟೇಪು ಕಂಡರೆ ಅವರು ಕ್ರೇಟು ಎತ್ತಿಕೊಂಡು ಹೊರಟುಬಿಡುತ್ತಾರೆ. ಅವರು ಎರಡು ನಿಮಿಷ ಅಲುಗಾಡದೆ ನಿಲ್ಲುವುದು ಒಂದೇ ಸಂದರ್ಭದಲ್ಲಿ: ಯಾರಾದರೂ ತಂದು ಕಟ್ಟೆಯ ಮೇಲಿಟ್ಟ ಹಳೇ ಕಂಪ್ಯೂಟರಿನ ಪಕ್ಕ ಹಾಲಿಟ್ಟು, ತಾವು ಗುಂಡಿ ಒತ್ತಿದಾಗ.

ಆದ್ದರಿಂದ ಇದನ್ನು ಓದಿದವರು ಈಗಲೇ ಅಟ್ಟ ಹತ್ತಬೇಕು. ಗೋಣಿಚೀಲದ ಹಿಂದೆ ಇರುವ ಆ ನಿಮ್ಮ ಡಬ್ಬ ಇಳಿಸಬೇಕು. ಸೋಮವಾರ ಬೆಳಗ್ಗೆ ಬೂತಿಗೆ ತರಬೇಕು. ಎಷ್ಟು ನಿಧಾನದ್ದಾದರೆ ಅಷ್ಟು ಒಳ್ಳೆಯದು. ಇಂದ್ರಮ್ಮ ಪರದೆ ನೋಡುತ್ತಾ ನಿಂತಾಗ ತೇಜಸ್ವಿನಿ ಹಿಂದಿನಿಂದ ಟೇಪು ಹಿಡಿದು ಬರುತ್ತಾರೆ, ಆಗ ನಗಬಾರದು. ಇನ್ನೊಂದು ಮಾತು: ಬೂತಿನಲ್ಲಿ ಈ ಪತ್ರಿಕೆಯ ಮೂರು ಪ್ರತಿ ಮಾರಾಟಕ್ಕಿರುತ್ತವೆ. ಮೊದಲು ಹೋದವರು ಮೂರನ್ನೂ ಕೊಂಡುಬಿಡಿ. ಇಂದ್ರಮ್ಮ ಈ ಪುಟ ಓದಕೂಡದು.