ದಿನಕ್ಕೆ ಅರ್ಧ ತಂಬಿಗೆ ನೀರು

ನನ್ನ ಗಂಡನ ಎರಡೂ ಕಿಡ್ನಿ ಕೆಟ್ಟಿವೆ ಎಂದು ಸೊಲ್ಲಾಪುರದ ಡಾಕ್ಟರು ಹೇಳಿದ ದಿನವೇ ನಮ್ಮ ಬಜಾರದ ಅರ್ಧ ಗಂಡಸರು ಡಾಕ್ಟರಾಗಿಬಿಟ್ಟರು. ಎಪ್ಪತ್ತೇಳು, ಎಪ್ಪತ್ತೆಂಟನೇ ಇಸವಿಯ ಮಾತು. ನಮ್ಮದು ಚಾದರು, ಟವೆಲ್ಲುಗಳ ಅಂಗಡಿ. ಗಿರಾಕಿ ಇಲ್ಲದಾಗ ಗಾದಿಯ ಮೇಲೆ ಕೂತು ಹರಟುವವರಿಗೆ ಹೊಸ ವಿಷಯ ಸಿಕ್ಕಿತು: ಹೊಟ್ಟೆಗೆ ನೀರು ಬಿಡುವುದು ಮೇಲೋ, ಮುಂಬಯಿಯ ಮಶೀನು ಮೇಲೋ.

ಹೊಟ್ಟೆಗೆ ನೀರು ಬಿಡುವುದು ನಮ್ಮ ಸೊಲ್ಲಾಪುರದಲ್ಲೇ ಆಗುತ್ತಿತ್ತು. ಹೊಕ್ಕುಳದ ಕೆಳಗೆ ತೂತು ಮಾಡಿ ನಳಿಗೆ ಇಳಿಸುವರು. ಮೇಲೆ ತೂಗುಹಾಕಿದ ಬಾಟಲಿಯ ನೀರು ಒಳಗಿಳಿದು, ಸ್ವಲ್ಪ ಹೊತ್ತು ನಿಂತು, ಮೈಯೊಳಗಿನ ಹೊಲಸನ್ನು ಹೊತ್ತುಕೊಂಡು ಕೆಳಗಿನ ಬಾಟಲಿಗೆ ಬರುವುದು. ಎರಡು ದಿನ ಇದೇ ಕೆಲಸ. ಮಗ್ಗಲು ಬದಲಿಸುವಂತಿಲ್ಲ. ಹತ್ತು ಹನ್ನೆರಡು ದಿನ ಕಳೆದರೆ ಮತ್ತೆ ಕಾಲು ಊದಿ ಬಾಯಿ ಉಚ್ಚೆಯ ನಾತ ಹೊಡೆಯುತ್ತಿತ್ತು. ಮತ್ತೆ ತೂತು. ಮುಂಬಯಿಯ ಮಶೀನು ರಕ್ತವನ್ನೇ ಹೊರಗೆಳೆದು ತೊಳೆದು ಒಳಗೆ ಬಿಡುತ್ತದಂತೆ. ಅರ್ಧ ದಿನದಲ್ಲಿ ಮುಗಿಯುತ್ತದಂತೆ. ಆದರೆ ವಾರಕ್ಕೆ ಎರಡು ಸಲ ಬೇಕು, ಅಲ್ಲೇ ಬಿಡಾರ ಮಾಡಬೇಕು, ಮೊದಲು ಸರದಿ ಬರಬೇಕು. ನಮ್ಮ ಓಣಿಯ ಸೀರೆ ವ್ಯಾಪಾರಿಯೊಬ್ಬನಿಗೆ ಸರದಿ ಸಿಕ್ಕಿತು. ಸುಳ್ಳು ಹೇಳಿ ನನಗೇನು ಬರಬೇಕು, ಅವನು ನಮ್ಮವರಿಗಿಂತ ಏಳು ತಿಂಗಳು ಹೆಚ್ಚು ಬದುಕಿದ. ಇವರ ಹೆಸರನ್ನೂ ಬರೆಸಿದ್ದೆವು. ಕರೆ ಬರಲಿಲ್ಲ.

ಯಾವುದನ್ನೇ ಮಾಡಿಸಿರಿ, ಪಥ್ಯ ಒಂದೇ ಎಂದು ಡಾಕ್ಟರು ಒತ್ತಿ ಹೇಳಿದ್ದರು. ದಿನಕ್ಕೆ ಅರ್ಧ ತಂಬಿಗೆ ನೀರು. ಚಹಾ, ಸಾರು ಎಲ್ಲ ಅದರಲ್ಲೇ. ಎಳನೀರು, ಮೋಸಂಬಿ ಮುಟ್ಟಿಸಲೇಬಾರದು, ಎದೆಯ ಬಡಿತವೇ ನಿಂತೀತು. ಮೂರನೇ ಇಯತ್ತೆಗೆ ಸಾಲಿ ಬಿಟ್ಟ ನನಗೆ ಇದು ತಿಳಿಯಿತು. ಮ್ಯಾಟ್ರಿಕ್ ಮುಗಿಸಿದ ನನ್ನ ಭಾವನಿಗೆ, ಇವರ ಅಣ್ಣನಿಗೆ, ತಿಳಿಯಲಿಲ್ಲ.

ಅಕ್ಕಲಕೋಟೆಯಿಂದ ನನ್ನ ತವರಿನವರು, ಮೈಂದರ್ಗಿಯಿಂದ ಇವರ ಕಡೆಯವರು, ಬಸ್ಸಿಳಿದವರೆಲ್ಲ ಎಳನೀರು ಹಿಡಿದೇ ದವಾಖಾನೆಗೆ ಬರುತ್ತಿದ್ದರು. ಬೇನೆ ಬಿದ್ದವನ ಮುಂದೆ ಬರಿಗೈಯಲ್ಲಿ ನಿಂತರೆ ಅವರ ಮಾನ ಹೋಗುತ್ತಿತ್ತು, ಜೀವ ಹೋದರೆ ನಡೆಯುತ್ತಿತ್ತು. ನಾನು ಅದನ್ನು ಕಿತ್ತುಕೊಂಡು ಪಕ್ಕದ ಮಂಚದ ಕಾಲು ಮುರಿದವನಿಗೆ ಕೊಡುತ್ತಿದ್ದೆ. ಅವನು ಆ ತಿಂಗಳು ದಪ್ಪಗಾದ. ಗಂಡನಿಗೆ ನೀರು ಕೊಡದ ಹೆಂಗಸು ಎಂದು ನನ್ನ ಕೀರ್ತಿ ಅಕ್ಕಲಕೋಟೆಯ ತನಕ ಹಬ್ಬಿತು.

ಇವರೂ ಕಡಿಮೆಯವರಲ್ಲ. ಬಾಯಿ ಮುಕ್ಕಳಿಸುತ್ತೇನೆಂದು ನೀರು ಇಸಿದುಕೊಂಡು ನುಂಗುತ್ತಿದ್ದರು. ನಾನು ಗಂಟಲನ್ನೇ ನೋಡುತ್ತ ನಿಲ್ಲುತ್ತಿದ್ದೆ.

"ನೀ ಪೊಲೀಸ ಆಗಬೇಕಿತ್ತ," ಎಂದರು ಒಮ್ಮೆ.

"ನೀವು ಕಳವು ಬಿಡ್ರಿ, ನಾ ನೌಕರಿ ಬಿಡ್ತೀನಿ," ಎಂದೆ.

ಒಂದು ಮಧ್ಯಾಹ್ನ ನಾನು ಬಟ್ಟೆ ಒಗೆಯಲು ಹೋದಾಗ ಭಾವ ಇವರಿಗೆ ಎರಡು ಎಳನೀರು ಕುಡಿಸಿದ. ಸಂಜೆಯ ಹೊತ್ತಿಗೆ ಕೈಕಾಲು ಎತ್ತಲು ಬರದಂತಾಯಿತು, ನಾಡಿ ಸಿಗದಾಯಿತು. ಡಾಕ್ಟರು ಓಡಿ ಬಂದು ಸೂಜಿ ಚುಚ್ಚಿ, ಬಾಟಲಿ ಹಚ್ಚಿ ಉಳಿಸಿಕೊಂಡರು. ಏನು ಕೊಟ್ಟಿರಿ, ಯಾರು ಕೊಟ್ಟಿರಿ ಎಂದು ಕೇಳಿದರೆ ಭಾವ ನನ್ನ ಕಡೆ ನೋಡಿದ. ಎರಡು ಬುರುಡೆ ಮಂಚದ ಕೆಳಗೇ ಬಿದ್ದಿದ್ದವು. ಎತ್ತಿ ಎಸೆಯುವಷ್ಟು ಬುದ್ಧಿಯೂ ಅವನಿಗಿರಲಿಲ್ಲ. ನಾನು ಕಾಲಿನಿಂದ ಅವನ್ನು ಹೊರಗೆ ಉರುಳಿಸಿದೆ. ಹೊಟ್ಟೆ ತಂಪಾಗಲೆಂದು ಕೊಟ್ಟೆ ಎಂದ.

ನಾಲ್ಕು ತಿಂಗಳು ಹೀಗೇ ಎಳೆದೆವು. ಆಮೇಲೆ ಹೊಟ್ಟೆಯಿಂದ ಬರುವ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ಒಳಗೆ ಕೀವಾಗಿದೆ, ಇನ್ನು ತೂತು ಮಾಡಲಾಗದು, ಮುಂಬಯಿಯ ಪ್ರಯಾಣವನ್ನೂ ತಾಳಲಾರರು ಎಂದರು ಡಾಕ್ಟರು. ಹಾಗಾದರೆ ನೀರು ಎಷ್ಟು ಕೊಡಲಿ ಎಂದು ಕೇಳಿದೆ. ಬೇಡಿದಷ್ಟು ಕೊಡಿರಿ ಎಂದರು. ಮನೆಗೆ ಕರೆತಂದೆವು.

ತುಂಬಿದ ತಂಬಿಗೆ ತಂದು ಇವರ ತಲೆ ಎತ್ತಿ ಹಿಡಿದೆ. ಭಾವ ಅಡ್ಡ ಬಂದ.

"ಡಾಕ್ಟರ ಬ್ಯಾಡ ಅಂದಿದ್ರಲ್ಲ. ನೀರ ಕುಡಿಸಿ ಕೊಲ್ಲಾಕಿ ಏನ ಅವನ್ನ?"

"ನಿಮಗ ತಿಳಿಯೂದ್ರಾಗ ಬ್ಯಾನೀನ ಮುಗೀತ್ರಿ ಭಾವಾರ," ಎಂದೆ. "ಸರೀರಿ ಅತ್ತಾಗ."

ಇವರು ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಪೂರ್ತಿ ಕುಡಿದರು. ಗದ್ದದಿಂದ ಇಳಿದದ್ದನ್ನೂ ನಾಲಿಗೆಯಿಂದ ನೆಕ್ಕಿದರು.

"ಇನ್ನೊಂದ ತಾ," ಎಂದರು.

ತರಲು ಒಳಗೆ ಹೋದೆ. ಭಾವ ಬಾಗಿಲು ಬಿಟ್ಟು ಗೋಡೆಗೆ ಅಂಟಿ ನಿಂತಿದ್ದ.