ಚೀಲದಲ್ಲಿ ತಂದ ಲೋಟ

ಮನೆಕೆಲಸಕ್ಕೆಂದು ಬಂದ ಹೆಂಗಸು ನಮ್ಮದೇ ಕುರ್ಚಿಯಲ್ಲಿ ಕೂತು ನನ್ನನ್ನೇ ಪ್ರಶ್ನೆ ಕೇಳತೊಡಗಿದಾಗ, ನಾನು ನಿಜವಾಗಿಯೂ ಊರು ಬಿಟ್ಟು ಬಂದಿದ್ದೇನೆ ಎಂದು ಗೊತ್ತಾಯಿತು.

"ಮನೇಲಿ ಎಷ್ಟು ಜನ ಭಾಯ್?"

"ಮೂರು. ನಾನು, ಹೆಂಡತಿ, ಮಗಳು."

"ನೆಂಟರು?"

"ಅಪರೂಪ."

"ಅಪರೂಪ ಅಂತ ಎಲ್ರೂ ಅಂತಾರೆ. ಸೋಮವಾರ ಬಂದು ನೋಡಿದ್ರೆ ಮದುವೆ ಮನೆ ಪಾತ್ರೆ ಬಿದ್ದಿರ್ತವೆ. ಮಾಂಸ ಮಾಡಿದ ದಿನ ಬಿಸಿನೀರು ಕೊಡಬೇಕು, ಜಿಡ್ಡು ಹೋಗಲ್ಲ. ಶುಕ್ರವಾರ ಬೇಗ ಹೋಗ್ತೀನಿ. ರಂಜಾನ್ ತಿಂಗಳಲ್ಲಿ ಹೊತ್ತು ಬದಲಾಗ್ತದೆ. ನಿಮ್ಮ ಮಗಳು ಹೇಳಿದ ಮಾತು ಕೇಳ್ತಾಳಾ?"

ನಾನು ನಿಂತುಕೊಂಡೇ ಒಂದೊಂದಕ್ಕೂ ಉತ್ತರ ಕೊಟ್ಟೆ. ಪಾವಗಡದಲ್ಲಿ ನಾನು ನೋಡಿದ್ದ ಪ್ರಕಾರ ಇಂಥ ಮಾತು ಹಿತ್ತಿಲ ಬಾಗಿಲಲ್ಲಿ ಆಗುತ್ತದೆ. ಮನೆಯವರು ಕೂತು ಕೇಳುತ್ತಾರೆ, ಕೆಲಸದವರು ನಿಂತು ಹೇಳುತ್ತಾರೆ. ಇಲ್ಲಿ ಅದು ತಿರುಗಿಬಿಟ್ಟಿತ್ತು. ಆಯಮ್ಮನ ಹೆಸರು ಪ್ಯಾರಿಜಾನ್. ನನ್ನ ಅಕ್ಕನ ವಯಸ್ಸು. ಗಂಡ ಹತ್ತಿ ಬಡಿದು ಗಾದಿ ಹೊಲಿಯುವವರು. ಎಲ್ಲ ಕೇಳಿ ಮುಗಿಸಿ, "ಸರಿ, ನಾಳೆಯಿಂದ ಬರ್ತೀನಿ" ಎಂದು ನಮ್ಮನ್ನು ಪಾಸು ಮಾಡಿ ಹೋದಳು.

ಪಾವಗಡದ ಕಡೆಯವರು ನಗಬಹುದು. ಶಿರಾ ಏನು ದೂರ? ಬೆಳಗ್ಗೆ ಹೊರಟು ಮಧುಗಿರಿಯಲ್ಲಿ ಬಸ್ ಬದಲಿಸಿದರೆ ಮಧ್ಯಾಹ್ನದ ಊಟ ಶಿರಾದಲ್ಲೇ. ಆದರೂ ಬಂದ ಹೊಸದರಲ್ಲಿ ನನಗೆ ಕಾಲು ನಿಲ್ಲುತ್ತಿರಲಿಲ್ಲ. ಹೆದ್ದಾರಿ ಪಕ್ಕದ ಊರು ಇದು. ಲಾರಿಗಳು ಒಂದೇ ಸಮ ಹೋಗುತ್ತಿರುತ್ತವೆ. ಎಲ್ಲರೂ ಎಲ್ಲಿಗೋ ಹೋಗುವವರೇ, ನಾನೊಬ್ಬ ಮಾತ್ರ ಇಳಿದು ಉಳಿದವನು ಅನ್ನಿಸುತ್ತಿತ್ತು. ನಮ್ಮಲ್ಲಿ ಕನ್ನಡ ಮಾತಾಡುತ್ತಾ ಮಾತಾಡುತ್ತಾ ತೆಲುಗಿಗೆ ಜಾರಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಇಲ್ಲಿ ನನ್ನ ಬಾಯಿಂದ ತೆಲುಗು ಬಿದ್ದರೆ ಅಂಗಡಿಯವನು ತಲೆ ಎತ್ತಿ ನೋಡುತ್ತಾನೆ. ನಾವು ಎಂಗಿಲಿ ಅನ್ನುವುದನ್ನು ಇಲ್ಲಿ ಅರ್ಧ ಊರು ಜೂಠಾ ಅನ್ನುತ್ತದೆ. ಎರಡೂ ಎಂಜಲೇ. ಬಾಡಿಗೆ ಮನೆ ಹುಡುಕುವಾಗ ಬಾಗಿಲು ತೆಗೆದವರು ಬಾಡಿಗೆ ಹೇಳುವ ಮುಂಚೆ "ನೀವು ಯಾವ ಪೈಕಿ?" ಎಂದು ಕೇಳಿದರು. ಪಾವಗಡದಲ್ಲಿ ಯಾರೂ ಹಾಗೆ ಕೇಳಿದ್ದಿಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತಿತ್ತು. ಕೇಳುವುದು ಮೇಲೋ, ಗೊತ್ತಿರುವುದು ಮೇಲೋ ಎಂದು ಆರು ಮನೆ ನೋಡುವಷ್ಟು ಹೊತ್ತೂ ಯೋಚನೆ ಮಾಡಿದೆ. ಏಳನೆಯ ಮನೆ ಸಿಕ್ಕಿತು.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಗೇಟು, ಗ್ರಿಲ್ಲು, ಷಟರು ಮಾಡುವ ವೆಲ್ಡಿಂಗ್ ಕೆಲಸ ನನ್ನದು. ಆ ಕಿಡಿಯಲ್ಲೇ ಹೆಂಡತಿ ಲಕ್ಷ್ಮಿಯನ್ನು ಮದುವೆಯಾದ ಮೇಲೆ ನರ್ಸಿಂಗ್ ಓದಿಸಿದೆ. ಇದನ್ನು ಜಂಬಕ್ಕೇ ಹೇಳುತ್ತಿದ್ದೇನೆ. ಜಂಬ ಪಡುವಂಥ ಕೆಲಸ ನಾನು ಮಾಡಿರುವುದು ಎರಡೇ, ಇದು ಎರಡನೆಯದು. ಮೊದಲನೆಯದನ್ನು ಆಮೇಲೆ ಹೇಳುತ್ತೇನೆ. ನಮ್ಮ ಕಡೆ ಸೋಲಾರ್ ಪ್ಲೇಟುಗಳ ಬೇಲಿ, ಫ್ರೇಮಿನ ಕೆಲಸ ಮುಗಿದ ಹೊತ್ತಿಗೇ ಅವಳಿಗೆ ಶಿರಾದ ಆಸ್ಪತ್ರೆಯಲ್ಲಿ ಕೆಲಸವಾಯಿತು. "ಎಲ್ರೂ ಹೆಂಡ್ತಿನ ಕರ್ಕಂಡು ಹೋಗ್ತಾರೆ, ಇವ್ನು ಹೆಂಡ್ತಿ ಹಿಂದೆ ಹೋಗ್ತಾವ್ನೆ ನೋಡ್ರಲಾ" ಎಂದು ಬಸ್ ಸ್ಟ್ಯಾಂಡಿನಲ್ಲಿ ಗೆಳೆಯರು ಆಡಿಕೊಂಡರು. ನಾನೂ ನಕ್ಕು ಬಸ್ ಹತ್ತಿದೆ.

ಬಂದ ಮೇಲೆ ನಗು ನಿಂತಿತು. ಅವಳ ಡ್ಯೂಟಿ ವಾರಕ್ಕೊಂದು ಹೊತ್ತು. ನಾನು ಗೇಟು ಕೂರಿಸಲು ಒಂದು ದಿನ ತಾವರೆಕೆರೆ, ಇನ್ನೊಂದು ದಿನ ಹುಲಿಕುಂಟೆ. ಎರಡನೇ ಕ್ಲಾಸಿನ ಚೈತ್ರ ಮೂರೂವರೆಗೆ ಸ್ಕೂಲಿನ ಗೇಟಿನಲ್ಲಿ ಬ್ಯಾಗು ಹಾಕಿಕೊಂಡು ನಿಂತಿರುತ್ತಾಳೆ. ಅಮ್ಮ, ಅಕ್ಕ ಎಲ್ಲ ಪಾವಗಡದಲ್ಲಿ. ಪಕ್ಕದ ಮನೆಯವರಿಗೆ ನಮ್ಮ ಹೆಸರೂ ಸರಿಯಾಗಿ ಗೊತ್ತಿಲ್ಲ.

"ರೀ, ಬೆಳಗ್ಗೆ ಒಂದು ಗಂಟೆ ಹೊತ್ತು, ಮಧ್ಯಾಹ್ನ ಎರಡು ಗಂಟೆ ಹೊತ್ತು, ಯಾರನ್ನಾದ್ರೂ ಇಟ್ಕಳಾಣ" ಅಂದಳು ಲಕ್ಷ್ಮಿ.

"ನಮ್ಮ ಎಂಜಲು ನಾವೇ ತೊಳ್ಕಳಾಣ."

"ನಾವು ಅಂದ್ರೆ ಯಾರು? ನೀವು ಬರೋದು ದೀಪ ಹಚ್ಚೋ ಹೊತ್ತಿಗೆ. ಚೈತ್ರನ್ನ ಯಾರು ಕರ್ಕಂಬರ್ತಾರೆ? ಇಲ್ಲಾಂದ್ರೆ ಹೇಳ್ಬುಡಿ, ನಾನೇ ಕೆಲಸ ಬುಡ್ತೀನಿ. ನಾಳೆನೇ ಬರ್ಕೊಡ್ತೀನಿ."

ಇಷ್ಟು ವರ್ಷ ಕಣ್ಣು ಉರಿಸಿಕೊಂಡು ಓದಿಸಿದ್ದು ಇದಕ್ಕಾ ಅನ್ನಿಸಿತು. ಒಪ್ಪಿಕೊಂಡೆ. ಪ್ಯಾರಿಜಾನ್ ಬಂದದ್ದು ಹಾಗೆ.

ಮೊದಲ ದಿನವೇ ಲಕ್ಷ್ಮಿ ಟೀ ಕಾಸಿದಾಗ ಆಯಮ್ಮ ಬಟ್ಟೆ ಚೀಲದಿಂದ ತನ್ನದೇ ಒಂದು ಸ್ಟೀಲ್ ಲೋಟ ತೆಗೆದು ಮುಂದಿಟ್ಟಳು.

"ನಮ್ಮ ಲೋಟದಲ್ಲೇ ಕುಡೀರಿ ಆಪಾ" ಅಂದಳು ಲಕ್ಷ್ಮಿ. ಆಪಾ ಅಂದರೆ ಅಕ್ಕ. ಆ ಹೊತ್ತಿಗೆ ಅಷ್ಟು ಕಲಿತಿದ್ದೆವು.

"ಇರ್ಲಿ ಕಣಮ್ಮ, ನಂಗೆ ಇದ್ರಲ್ಲೇ ರುಚಿ."

ನನಗೆ ಎದೆಯಲ್ಲಿ ಏನೋ ಚುಚ್ಚಿತು. ಯಾವುದೋ ಮನೆಯವರು ಇದನ್ನು ಈಯಮ್ಮನಿಗೆ ಕಲಿಸಿದ್ದಾರೆ ಎಂದುಕೊಂಡೆ.

ಯಾಕೆ ಚುಚ್ಚಿತು ಎಂಬುದನ್ನು ಇನ್ನು ಮುಚ್ಚಿಡುವುದಿಲ್ಲ. ನಮ್ಮಮ್ಮ ಪಾವಗಡದಲ್ಲಿ ನಾಲ್ಕು ಮನೆ ಪಾತ್ರೆ ತೊಳೆಯುತ್ತಿದ್ದಳು. ನಾನು ಚಿಕ್ಕವನಿದ್ದಾಗ ಅವಳ ಜೊತೆ ಹೋಗಿ ಹಿತ್ತಿಲಲ್ಲಿ ಕೂತಿರುತ್ತಿದ್ದೆ. ಅದರಲ್ಲಿ ಒಂದು ಮನೆಯ ಹಿತ್ತಿಲ ಗೋಡೆಯ ಗೂಡಿನಲ್ಲಿ ಒಂದು ಲೋಟ ಇರುತ್ತಿತ್ತು. ಅದರಲ್ಲೇ ನಮಗೆ ಕಾಫಿ, ಮೇಲಿಂದ ಸುರಿಯುತ್ತಿದ್ದರು. ಕುಡಿದು, ನಾನೇ ತೊಳೆದು, ಗೂಡಿನಲ್ಲಿ ಬೋರಲು ಹಾಕಬೇಕು. ಅಮ್ಮನ ಕೈಯಿಂದ ಆ ಪಾತ್ರೆಗಳನ್ನು ಬಿಡಿಸಬೇಕೆಂದೇ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ವೆಲ್ಡಿಂಗ್ ಅಂಗಡಿ ಸೇರಿದೆ. ಮದುವೆಗೆ ಮುಂಚೆಯೇ ಬಿಡಿಸಿದೆ. ನನ್ನ ಮೊದಲನೆಯ ಜಂಬ ಅದು. ಆದರೆ ಅದನ್ನು ಹೇಳಿಕೊಂಡು ಜಂಬ ಪಡಲು ಆಗಲಿಲ್ಲ. ಮಧುಗಿರಿ ಕಡೆಯವಳಾದ ಲಕ್ಷ್ಮಿಗೂ ಹೇಳಿರಲಿಲ್ಲ.

ಹಾಗಾಗಿ ನಾನು ಉಂಡ ತಟ್ಟೆಯನ್ನು ಇನ್ನೊಬ್ಬ ಹೆಂಗಸು ತೊಳೆಯುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಪ್ಯಾರಿಜಾನ್ ಬರುವ ಮುಂಚೆಯೇ ನನ್ನ ತಟ್ಟೆ, ನನ್ನ ಲೋಟ ತೊಳೆದು, ಒರೆಸಿ, ಸ್ಟ್ಯಾಂಡಿನಲ್ಲಿಟ್ಟು ಕೆಲಸಕ್ಕೆ ಹೊರಡುತ್ತಿದ್ದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅನ್ನುವ ಸಮಾಧಾನ ಬೇರೆ.

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ, ಚೈತ್ರ ಆಯಮ್ಮನನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯಲು ಕಲಿತ ವಾರವೇ, ಪ್ಯಾರಿಜಾನ್ ಕೆಲಸ ಬಿಟ್ಟಳು. ಮಗುವನ್ನು ಸ್ಕೂಲಿನಿಂದ ಕರೆತಂದು, ಹಾಲು ಕುಡಿಸಿ, ಲಕ್ಷ್ಮಿ ಡ್ಯೂಟಿ ಮುಗಿಸಿ ಬರುವ ತನಕ ಇದ್ದು, ಮನೆ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, "ನಾಳೆಯಿಂದ ಬರಲ್ಲ ಕಣಮ್ಮ. ಬೇರೆಯೋರ್ನ ನೋಡ್ಕಳ್ಳಿ" ಅಂದಳಂತೆ. ಯಾಕೆ ಎಂದದ್ದಕ್ಕೆ, "ಭಾಯ್‌ನ ಕೇಳಿ" ಅಂದಳಂತೆ.

ಲಕ್ಷ್ಮಿ ಬಾಗಿಲಲ್ಲೇ ಕಾದಿದ್ದಳು. "ಏನಂದ್ರಿ ಆಯಮ್ಮುಂಗೆ?"

"ನಾನೇನೂ ಅಂದಿಲ್ಲ. ಅವ್ರ ಜೊತೆ ಹತ್ತು ಮಾತೂ ಆಡಿಲ್ಲ."

"ಆಡ್ದೆ ಇರೋದೇ ನಿಮ್ ರೋಗ."

ಮೂರು ದಿನ ಅವಳು ರಜೆ ಹಾಕಿದಳು. ಇಬ್ಬರು ಹೆಂಗಸರು ಬಂದು ನೋಡಿ ಹೋದರು. ಒಬ್ಬರಿಗೆ ನಮ್ಮ ಹೊತ್ತು ಒಗ್ಗಲಿಲ್ಲ, ಇನ್ನೊಬ್ಬರನ್ನು ಕಂಡು ಚೈತ್ರ ಬಾತ್‌ರೂಮಿನೊಳಗೆ ಚಿಲಕ ಹಾಕಿಕೊಂಡಳು. ನಾಲ್ಕನೆಯ ದಿನ ಬೆಳಗ್ಗೆ ಲಕ್ಷ್ಮಿ ಒಂದು ಬಿಳಿ ಹಾಳೆ ತೆಗೆದುಕೊಂಡು ಕೂತು ಪೆನ್ನು ಕೇಳಿದಳು. ಏನು ಬರೆಯುತ್ತಾಳೆಂದು ನಾನು ಕೇಳಲಿಲ್ಲ. ಪೆನ್ನು ಜೇಬಿನಲ್ಲಿಟ್ಟುಕೊಂಡೇ ಪ್ಯಾರಿಜಾನ್ ಮನೆ ಹುಡುಕಿಕೊಂಡು ಹೊರಟೆ.

ಗಂಡ ಅಂಗಳದಲ್ಲಿ ಉದ್ದ ಸೂಜಿ ಹಿಡಿದು ಗಾದಿಯ ಅಂಚು ಹೊಲಿಯುತ್ತಿದ್ದರು. "ಬನ್ನಿ ಭಾಯ್, ಗಾದಿ ಮೇಲೇ ಕೂತ್ಕಳ್ಳಿ, ನಿಮ್ ಭಾರಕ್ಕೆ ಹತ್ತಿ ಕೂರಲಿ" ಅಂದರು. ಪ್ಯಾರಿಜಾನ್ ಪಿಂಗಾಣಿ ಕಪ್ಪಿನಲ್ಲಿ ಟೀ ತಂದುಕೊಟ್ಟಳು. ಕುಡಿಯುತ್ತಾ ಗಂಡನ ಹತ್ತಿರ ಗೇಟಿನ ಮಾತು, ಹತ್ತಿಯ ಮಾತು ಆಡಿದೆ. ಕೇಳಬೇಕಾದ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಟೀ ಮುಗಿಯಿತು. ಎದ್ದೆ. ಮೂಲೆಯ ನಲ್ಲಿಗೆ ಹೋಗಿ ಕಪ್ಪು ತೊಳೆದು ಕಲ್ಲಿನ ಮೇಲೆ ಬೋರಲು ಹಾಕಿದೆ. ಹಾಗೆ ಮಾಡಿದ್ದು ನನಗೇ ಗೊತ್ತಾಗಿರಲಿಲ್ಲ. ತಿರುಗಿದರೆ ಗಂಡ ಹೆಂಡತಿ ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ಇದೇನ್ ಭಾಯ್, ನಮ್ಮನೇಲಿ ಕೆಲಸಕ್ಕೆ ಸೇರ್ಕಂಡ್ರಾ?" ಅಂದರು ಗಂಡ.

ಪ್ಯಾರಿಜಾನ್ ನಗಲಿಲ್ಲ. "ನಿಮ್ಮನೇಲೂ ಇಂಗೇ ಮಾಡ್ತಿದ್ರಿ. ಅಮ್ಮನ ತಟ್ಟೆ, ಮಗೂ ತಟ್ಟೆ ಸಿಂಕಿನಲ್ಲಿ. ನಿಮ್ದು ಮಾತ್ರ ತೊಳೆದು ಮೇಲಿಟ್ಟಿರ್ತಿದ್ರಿ. ಒಂದಿನ ಮರ್ತಿರಬೇಕು ಅಂದ್ಕಂಡೆ. ಎಂಟು ದಿನ ನೋಡ್ದೆ, ಹದಿನೈದು ದಿನ ನೋಡ್ದೆ. ನನ್ನ ಕೈ ತಾಗಿದ್ರೆ ನಿಮ್ಮ ತಟ್ಟೆಗೆ ಏನಾಗ್ತದೆ ಭಾಯ್? ಅಂಥೋರ್ ಮನೇಲಿ ನಾನು ಇವತ್ತಿನವರ್ಗೂ ಕೆಲಸ ಮಾಡಿಲ್ಲ. ಮಾಡೋದೂ ಇಲ್ಲ."

ನಾನು ಕಲ್ಲಿನ ಮೇಲೆ ಬೋರಲು ಹಾಕಿದ್ದ ಕಪ್ಪನ್ನು ನೋಡಿದೆ.

"ಆದ್ರೆ ಈಗ ನಮ್ಮನೆ ಕಪ್ಪೂ ತೊಳೆದ್ರಿ" ಅಂದಳು. ದನಿ ಸ್ವಲ್ಪ ಇಳಿದಿತ್ತು. "ಇದು ಯಾರು ಕಲಿಸಿದ್ದು ನಿಮ್ಗೆ?"

"ನಮ್ಮಮ್ಮ" ಅಂದೆ. ಶುರುವಾದ ಮೇಲೆ ನಿಲ್ಲಿಸಲು ಆಗಲಿಲ್ಲ. ನಾಲ್ಕು ಮನೆ, ಹಿತ್ತಿಲು, ಗೂಡಿನ ಲೋಟ, ಎಲ್ಲ ಹೇಳಿಬಿಟ್ಟೆ. ಗಂಡ ಸೂಜಿಯನ್ನು ಗಾದಿಗೆ ಚುಚ್ಚಿಟ್ಟು ಕೇಳಿದರು.

"ಅಮ್ಮಿ ಇದಾರಾ?" ಎಂದು ಕೇಳಿದಳು ಪ್ಯಾರಿಜಾನ್.

"ಪಾವಗಡದಾಗವ್ರೆ. ಅಕ್ಕನ ಮನೇಲಿ."

"ಇಲ್ಲಿ ನಾನು ಪಾತ್ರೆ ತೊಳೀತೀನಿ ಅಂತ ಅವ್ರಿಗೆ ಗೊತ್ತಾ?"

"ಇಲ್ಲ."

ಪ್ಯಾರಿಜಾನ್ ಕಲ್ಲಿನ ಮೇಲಿಂದ ಕಪ್ಪು ಎತ್ತಿಕೊಂಡಳು. "ನಾಳೆ ಬರ್ತೀನಿ. ಆದ್ರೆ ತಟ್ಟೆ ಸಿಂಕಿನಲ್ಲಿ ಬಿಡಬೇಕು. ಅಮ್ಮಿನ ನೆನಪು ನಿಮ್ಮತ್ರನೇ ಇಟ್ಕಳ್ಳಿ, ನನ್ನ ತಲೆ ಮೇಲೆ ಹಾಕ್ಬೇಡಿ. ನಂದು ಕೆಲಸ, ನಾನು ಮಾಡ್ತೀನಿ."

ಅವತ್ತು ಸಂಜೆ ಲಕ್ಷ್ಮಿಗೂ ಹೇಳಿದೆ. ಅವಳು ಯೂನಿಫಾರ್ಮ್ ಮಡಿಸುತ್ತಲೇ ಇದ್ದಳು. "ಅತ್ತೆ ಪಾತ್ರೆ ತಳ ಬೆಳಗೋದು ನೋಡಿದ್ರೆ ಗೊತ್ತಾಗಲ್ವಾ? ನೀವಾಗೇ ಹೇಳ್ತೀರ ಅಂತ ಸುಮ್ಕಿದ್ದೆ. ಎಂಟು ವರ್ಷ ಆಯ್ತು ಅಷ್ಟೇ" ಅಂದಳು. ಪೆನ್ನು ವಾಪಸ್ ಕೊಟ್ಟೆ.

ತಟ್ಟೆ ಬಿಡುವುದು ಸುಲಭವಾಗಲಿಲ್ಲ. ಉಂಡ ಮೇಲೆ ಕೈ ತಾನಾಗಿಯೇ ನಲ್ಲಿಯ ಕಡೆ ಹೋಗುತ್ತಿತ್ತು. ಎರಡು ಸಲ ಪ್ಯಾರಿಜಾನ್ ಹಿಡಿದುಹಾಕಿದಳು. ತೊಳೆದಿಟ್ಟ ತಟ್ಟೆಯನ್ನೇ ಸ್ಟ್ಯಾಂಡಿನಿಂದ ತೆಗೆದು, ನನ್ನ ಕಣ್ಣೆದುರಿಗೇ ಮತ್ತೊಮ್ಮೆ ತೊಳೆದಳು. ಆಮೇಲೆ ಮೆಲ್ಲಗೆ ಅಭ್ಯಾಸವಾಯಿತು. ಬಿಟ್ಟೆ ಎಂಬುದೇ ಮರೆತುಹೋಗುವಷ್ಟು. ಚೀಲದ ಲೋಟವೊಂದು ಮಾತ್ರ ಕಣ್ಣಿಗೆ ಬೀಳುತ್ತಲೇ ಇತ್ತು. ಅದನ್ನೂ ಸರಿಮಾಡಿಬಿಡೋಣ ಎಂದು, ನಮ್ಮ ಲೋಟಗಳಂಥದ್ದೇ ಇನ್ನೊಂದನ್ನು ಪಾತ್ರೆ ಅಂಗಡಿಯಲ್ಲಿ ತಂದು, ಊರಿಗೆ ಹೋಗಿಬಂದ ಮೇಲೆ ಕೊಡೋಣ ಎಂದು ಸ್ಟ್ಯಾಂಡಿನಲ್ಲಿಟ್ಟೆ.

ಪಾವಗಡಕ್ಕೆ ಹೋದ ದಿನ ಅಕ್ಕ ಮನೆಯಲ್ಲಿರಲಿಲ್ಲ. ಅಮ್ಮನೇ ಮುದ್ದೆ ಇಟ್ಟಳು. ತೆಲುಗು, ಕನ್ನಡ ಎರಡೂ ಕಲಸಿಕೊಂಡು ಹೊಟ್ಟೆ ತುಂಬ ಮಾತಾಡಿದೆವು. ಉಂಡೆ, ಎದ್ದೆ, ಕೈ ತೊಳೆದು ಬಂದು ಟವೆಲಿಗೆ ಒರೆಸಿಕೊಳ್ಳುತ್ತಿದ್ದೆ. ಅಮ್ಮ ನನ್ನ ತಟ್ಟೆಯನ್ನೇ ನೋಡುತ್ತಾ ಕೂತಿದ್ದಳು. ಅದು ಉಂಡ ಜಾಗದಲ್ಲೇ ಇತ್ತು. ಹುಟ್ಟಿದಾಗಿನಿಂದ ಅಮ್ಮನ ಮುಂದೆ ನಾನು ಎಂಜಲು ತಟ್ಟೆ ಬಿಟ್ಟು ಎದ್ದವನಲ್ಲ. ಅಮ್ಮ ಬಗ್ಗಿ ಅದನ್ನು ಎತ್ತಿಕೊಂಡಳು. ನಾನು ಓಡಿಹೋಗಿ ಹಿಡಿದುಕೊಂಡೆ. ಅವಳು ಬಿಡಲಿಲ್ಲ.

"ಏಮ್ ನಾಯ್ನಾ," ಅಂದಳು. ಏನಪ್ಪಾ ಎಂದು. "ಅಲ್ಲಿ ನಿನ್ ತಟ್ಟೆ ಯಾರು ತೊಳೀತಾರೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಪ್ಯಾರಿಜಾನ್ ವಿಷಯ ಹೇಳಿದೆ. ಬೈಯುತ್ತಾಳೆ, ಇಲ್ಲವೆ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ:

"ಆಯಮ್ಮ ಟೀ ಏತ್ರಾಗೆ ಕುಡೀತಾಳೆ?"

"ಆಯಮ್ಮುನ್ದೇ ಲೋಟ. ಚೀಲ್ದಾಗೆ ತರ್ತಾಳೆ. ಈಗ ನಮ್ಮ ಜೊತೇದೇ ಹೊಸ ಲೋಟ ತಂದಿದೀನಮ್ಮ. ಇನ್ಮೇಲೆ ಅದ್ರಾಗೇ ಕೊಡ್ತೀನಿ."

ಅಮ್ಮ ನಕ್ಕಳು. "ಕೊಡಬ್ಯಾಡ."

"ಯಾಕೆ?"

"ಆ ಹಿತ್ಲು ಗೂಡ್ನಾಗೆ ಒಂದು ಲೋಟ ಇತ್ತಲ್ಲ, ನೆನಪೈತಾ?"

"ಅವ್ರು ನಮಗೆ ಅಂತ ಬೇರೆ ಇಟ್ಟಿದ್ದು."

"ಅವ್ರದಲ್ಲ ನಾಯ್ನಾ. ಅದು ನಮ್ದು. ಕೆಲಸಕ್ಕೆ ಸೇರಿದ ಮೊದಲ್ನೇ ದಿನಾನೇ ಮನೆಯಿಂದ ನಾನೇ ತಗಂಡೋಗಿ ಇಟ್ಟಿದ್ದು. ಹೆಂಗೂ ಬೇರೆ ಲೋಟ ಕೊಡ್ತಾರೆ ಅಂತ ಗೊತ್ತಿತ್ತು. ನಮ್ದೇ ಇದ್ರೆ ಅವ್ರು ಕೊಟ್ಟಂಗಾಗಲ್ಲ ನೋಡು." ತಟ್ಟೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡಳು. "ಆಯಮ್ಮುನ್ ಲೋಟಕ್ಕೆ ಕೈ ಹಾಕ್ಬ್ಯಾಡ. ತುಂಬ ಟೀ ಹಾಕು, ಸಾಕು."

ಅಷ್ಟು ವರ್ಷ ನಾನು ತೊಳೆದು ಬೋರಲು ಹಾಕಿದ್ದು ನಮ್ಮದೇ ಲೋಟವನ್ನು.

ಹೊಸ ಲೋಟ ಈಗಲೂ ನಮ್ಮ ಸ್ಟ್ಯಾಂಡಿನಲ್ಲಿದೆ, ನೆಂಟರು ಬಂದರೆ ಇಳಿಯುತ್ತದೆ. ಪ್ಯಾರಿಜಾನ್ ತನ್ನ ಲೋಟ ಮುಂದಿಡುತ್ತಾಳೆ, ನಾನು ಮನೆಯಲ್ಲಿದ್ದರೆ ಅಂಚಿನ ತನಕ ಟೀ ಹಾಕುತ್ತೇನೆ. ನನ್ನ ತಟ್ಟೆ ಸಿಂಕಿನಲ್ಲಿರುತ್ತದೆ. ಪಾವಗಡಕ್ಕೆ ಹೋದರೆ ಅಮ್ಮ ಬಗ್ಗುವ ಮುಂಚೆ ತಟ್ಟೆ ಎತ್ತಿಕೊಂಡು ನಲ್ಲಿಗೆ ಓಡುತ್ತೇನೆ. "ಶಿರಾದೋರು ಬಂದ್ರು, ದಾರಿ ಬುಡ್ರಿ" ಎಂದು ಅಕ್ಕ ಆಡಿಕೊಳ್ಳುತ್ತಾಳೆ. ಶಿರಾದಲ್ಲಿ ನಾನು ಇನ್ನೂ ಪಾವಗಡದ ವೆಲ್ಡರ್.

ತೊಡಕಾಗುವುದು ನಡುದಾರಿಯಲ್ಲಿ. ಮೊನ್ನೆ ವಾಪಸ್ ಬರುವಾಗ ಮಧುಗಿರಿಯಲ್ಲಿ ಇಳಿದು, ಶಿರಾ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಟೀ ಕುಡಿದೆ. ಕುಡಿದು ಮುಗಿದ ಮೇಲೆ ಒಂದು ಕಡೆ ಗ್ಲಾಸು ಬಿಟ್ಟುಹೋಗುವ ಟೇಬಲ್ಲು, ಇನ್ನೊಂದು ಕಡೆ ನಲ್ಲಿ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಟೀ ಸೋಸುತ್ತಿದ್ದವನು ತಲೆ ಎತ್ತಿ, "ಯಾಕಣ್ಣಾ, ಖಾಲಿ ಗ್ಲಾಸು ಹಿಡ್ಕಂಡು ನಿಂತ್ಬುಟ್ಟೆ? ಬಸ್ ಬಂತು ನೋಡು" ಅಂದ.