ಸರ್ಕಲ್ಲಿನೊಳಗೆ ದಾರಿ ಬಿಟ್ಟವರು

ನಮ್ಮ ಕರಾವಳಿಯಲ್ಲಿ ಸರ್ಕಲ್ ಅಂದರೆ ಸುತ್ತುವ ಜಾಗವಲ್ಲ, ನಿಲ್ಲುವ ಜಾಗ. ಹೊನ್ನಾವರದಲ್ಲಿ ಆಟೋದವರು ನಿಲ್ಲುವುದು ಅಲ್ಲಿ, ಕುಮಟಾದ ಬಸ್ಸಿಗೆ ಕೈ ಅಡ್ಡ ಹಿಡಿಯುವುದು ಅಲ್ಲಿ, ಬುಟ್ಟಿಯಲ್ಲಿ ಉಳಿದ ಬಂಗುಡೆಯನ್ನು ಹೇಗಾದರೂ ಖಾಲಿ ಮಾಡಿ ಮನೆಗೆ ಹೋಗಬೇಕೆಂದು ಮೀನಿನ ಹೆಂಗಸರು ಕೂರುವುದೂ ಅಲ್ಲಿಯೇ. ಅದನ್ನು ಪೂರ್ತಿ ಸುತ್ತಿ ಬಂದವರನ್ನು ನಾನು ಕಂಡಿಲ್ಲ. ಯಾವ ಕಡೆ ಹತ್ತಿರವೋ ಆ ಕಡೆ ನುಗ್ಗುವುದು, ಎದುರಿನವನ ಕಣ್ಣು ನೋಡುವುದು. ಅವನು ಹೆದರಿದರೆ ನಾವು ಹೋದೆವು, ನಾವು ಹೆದರಿದರೆ ಅವನು ಹೋದ. ಹೀಗೆ ಬೆಳೆದ ನಾನು ಐರ್ಲೆಂಡಿನ ಒಂದು ಸಣ್ಣ ಊರಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದಕ್ಕೆ ನರ್ಸ್ ಆಗಿ ಸೇರಿದೆ. ನನ್ನ ಬಾಡಿಗೆ ಕೋಣೆಗೂ ಕೆಲಸದ ಜಾಗಕ್ಕೂ ನಡುವೆ ಒಂದು ದೊಡ್ಡ ಸರ್ಕಲ್ ಇತ್ತು. ಬಸ್ಸು ನನ್ನ ಪಾಳಿಗೆ ಹೊಂದುತ್ತಿರಲಿಲ್ಲ. ಸೈಕಲ್ಲೇ ಗತಿ.

ಸೈಕಲ್ ನನಗೆ ಹೊಸದೇನಲ್ಲ. ನನ್ನ ತವರೂರು ಬೆಳಕೆಯ ಕಡಲ ದಂಡೆಯಲ್ಲಿ, ನೀರು ಇಳಿದು ಹೊಯ್ಗೆ ಗಟ್ಟಿಯಾಗುವ ಹೊತ್ತು ನೋಡಿ, ಅಣ್ಣನ ಸೈಕಲ್ಲಿನ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ಕಲಿತವಳು ನಾನು. ಆದರೆ ಆ ಸರ್ಕಲ್ಲಿನ ಎದುರು ಮೊದಲ ದಿನ ನಿಂತಾಗ ಕಾಲು ಪೆಡಲ್ ಬಿಟ್ಟು ನೆಲಕ್ಕೆ ಬಂತು. ಐದು ರಸ್ತೆಗಳು ಸೇರುವಲ್ಲಿ ಒಂದು ಹಸಿರು ದಿಬ್ಬ, ಅದರ ಸುತ್ತ ಕಾರು, ಲಾರಿ, ಟ್ರ್ಯಾಕ್ಟರು, ಒಂದೂ ಹಾರ್ನ್ ಇಲ್ಲದೆ. ಹಾರ್ನ್ ಇಲ್ಲದ ರಸ್ತೆಯಲ್ಲಿ ಯಾರು ಯಾವಾಗ ಬರುತ್ತಾರೆಂದು ತಿಳಿಯುವುದಾದರೂ ಹೇಗೆ? ಕೆಲವು ವಾರ ನಾನು ಇಳಿದು, ಸೈಕಲ್ ತಳ್ಳಿಕೊಂಡು, ಕಾಲುದಾರಿಯಲ್ಲೇ ಬಳಸಿ ಹೋದೆ. ಕೊನೆಗೆ ಜೊತೆಯಲ್ಲಿ ಕೆಲಸ ಮಾಡುವ ಆ ಊರಿನ ಹೆಂಗಸೊಬ್ಬಳು ಒಂದು ಭಾನುವಾರ ತನ್ನ ಸೈಕಲ್ ತಂದು, ನನ್ನ ಮುಂದೆ ಹೋಗಿ ತೋರಿಸಿದಳು. ಅಂಚಿಗೆ ಅಂಟಿಕೊಂಡು ಹೋಗಬೇಡ, ಲೇನಿನ ನಟ್ಟನಡುವೆ ಹೋಗು, ಆಗಲೇ ಅವರು ನಿನ್ನನ್ನು ನೋಡುವುದು ಎಂದಳು. ಬಲಕ್ಕೆ ನೋಡು, ಒಳಗೆ ಸುತ್ತುತ್ತಿರುವವರದು ಮೊದಲ ಹಕ್ಕು, ಹೊರಗಿನಿಂದ ಬರುವವರು ಕಾಯಬೇಕು. ಒಳಗೆ ಹೋದ ಮೇಲೆ ನಿಲ್ಲಬೇಡ. ಹೊರಬೀಳುವಾಗ ಎಡಗೈ ಚಾಚು. ಹೆಂಗಸಾದವಳು ರಸ್ತೆಯ ನಟ್ಟನಡುವೆ ಹೋಗಬೇಕೆಂದು ನನಗೆ ಯಾರಾದರೂ ಹೇಳಿದ್ದು ಅದೇ ಮೊದಲು. ಅದು ನನಗೆ ಬಹಳ ಹಿಡಿಸಿತು.

ದಾರಿ ಬಿಟ್ಟವರಿಗೆ ಅಲ್ಲಿಯ ಡ್ರೈವರುಗಳು ಸ್ಟೀರಿಂಗಿನಿಂದ ಕೈ ತೆಗೆಯದೆ ತೋರುಬೆರಳೊಂದನ್ನು ಮಾತ್ರ ಎತ್ತುತ್ತಾರೆ. ಮೊದಮೊದಲು ಅದು ಬೈಗುಳ ಎಂದುಕೊಂಡು ನಾನೂ ಮನಸ್ಸಿನಲ್ಲೇ ಬೆಳಕೆಯ ಭಾಷೆಯಲ್ಲಿ ಬಡ್ಡಿ ಸಮೇತ ವಾಪಸು ಕೊಟ್ಟಿದ್ದೇನೆ. ಅದು ಉಪಕಾರವಾಯಿತು ಎನ್ನುವ ರೀತಿ ಎಂದು ತಿಳಿದ ಮೇಲೆ ನಾನೂ ಬೆರಳೆತ್ತಲು ಕಲಿತೆ.

ನನ್ನ ಗಂಡ ಹೊನ್ನಾವರದಲ್ಲಿ ತಾಂಡೇಲ, ಅಂದರೆ ಮೀನಿನ ಬೋಟಿನ ಚುಕ್ಕಾಣಿ ಹಿಡಿಯುವವರು. ಊರಿನ ಹೆಂಗಸರು ಗಂಡನ ವಿಷಯ ಹೇಳುವಾಗ ‘ಇವರು’ ಎನ್ನುವ ಹಾಗೆ ನಾನೂ ಇವರು ಎಂದೇ ಬರೆಯುತ್ತೇನೆ. ಭಟ್ಕಳದಲ್ಲಿ ಗಂಡ ದುಬೈಯಲ್ಲಿ, ಹೆಂಡತಿ ಮನೆಯಲ್ಲಿ; ಆ ಕತೆ ಎಲ್ಲರಿಗೂ ಬಾಯಿಪಾಠ. ನಮ್ಮದು ತಿರುಗುಮುರುಗು. ನಾನು ವಿಮಾನ ಹತ್ತಿದೆ, ಇವರು ಮನೆಯಲ್ಲಿ ಅಕ್ಕಿ ತೊಳೆದರು. ಬಂದರಿನಲ್ಲಿ ಇವರನ್ನು ‘ದುಬೈ ಹೆಂಡ್ತಿ’ ಎಂದು ಚೇಷ್ಟೆ ಮಾಡುತ್ತಿದ್ದರಂತೆ. ಇವರು ನಕ್ಕು ಬಲೆ ಬಿಡಿಸುತ್ತಿದ್ದರಂತೆ. ನಮಗೆ ಮಕ್ಕಳಿಲ್ಲ. ಅದರ ಬಗ್ಗೆ ಮಾತಾಡಲು ಊರಲ್ಲಿ ಸಾಕಷ್ಟು ಜನ ಇರುವುದರಿಂದ ನಾನು ಇಲ್ಲಿ ಬರೆಯುವುದಿಲ್ಲ. ಹೋಗು ಎಂದವರೂ ಇವರೇ. ಕುಮಟಾದಲ್ಲಿ ನರ್ಸಿಂಗ್ ಕಲಿತು, ಹೊನ್ನಾವರದ ಆಸ್ಪತ್ರೆಯೊಂದರಲ್ಲಿ ವರ್ಷಗಟ್ಟಲೆ ಒಂದೇ ವಾರ್ಡಿನಲ್ಲಿ ತಿರುಗಿದ ನನಗೆ ಹೊರಗಿನ ಕೆಲಸ ಸಿಕ್ಕಾಗ, ಕೈಗೆ ಬಂದ ತುತ್ತು ಬಿಡಬೇಡ ಎಂದರು.

ಕೆಲಸ ನನಗೆ ಹಿಡಿಸಿತು. ಅದೇ ಕಷ್ಟವಾಯಿತು. ಹಿಡಿಸದೇ ಇದ್ದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಬಂದುಬಿಡಬಹುದಿತ್ತು. ನನ್ನ ಕೈಯಿಂದಲೇ ಊಟ ಮಾಡುವ ಒಬ್ಬ ಅಜ್ಜ, ನಾನು ಬಾರದ ದಿನ ಸಿಟ್ಟಾಗುವ ಇಬ್ಬರು ಅಜ್ಜಿಯರು, ಅವರನ್ನೆಲ್ಲ ಬಿಟ್ಟು ಬರಲು ಮನಸ್ಸಿಲ್ಲ. ಆದರೆ ಸೈಕಲ್ ಹತ್ತಿದಾಗಲೆಲ್ಲ ಊರಿನ ನೆನಪು. ಮದುವೆಯಾದ ಹೊಸತರಲ್ಲಿ, ಬೋಟು ಕಡಲಿಗೆ ಇಳಿಯದ ದಿನ, ಇವರು ಆಸ್ಪತ್ರೆಗೆ ಸೈಕಲ್ ತಂದು ನನ್ನನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಶರಾವತಿ ಸೇತುವೆ ದಾಟಿ ಆಚೆ ದಡದ ಕಾಸರಕೋಡಿನ ನಮ್ಮ ಮನೆಗೆ ಕರೆದೊಯ್ಯುತ್ತಿದ್ದರು. ಸೇತುವೆ ಉದ್ದ, ಗಾಳಿ ಎದುರು. ಲಾರಿ ಪಕ್ಕದಲ್ಲಿ ಹೋದರೆ ಸೈಕಲ್ ಅಲ್ಲಾಡುತ್ತಿತ್ತು. ನಾನು ಇವರ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದು ಕೂತಿರುತ್ತಿದ್ದೆ. ಐರ್ಲೆಂಡಿನಲ್ಲಿ ಒಂದೊಂದು ಬೆಳಿಗ್ಗೆ, ಹ್ಯಾಂಡಲ್ ಹಿಡಿದ ನನ್ನ ಮುಷ್ಟಿಗೆ ಆ ಅಂಗಿ ಬೇಕು ಅನ್ನಿಸುತ್ತಿತ್ತು. ಬೇಕು ಅಂದರೆ ಬೇಕು, ಅದಕ್ಕೆ ಬೇರೆ ಮಾತು ನನಗೆ ಗೊತ್ತಿಲ್ಲ.

ಕಳೆದ ಮಳೆಗಾಲದಲ್ಲಿ ಇವರು ಬಂದರು. ಮಳೆಗಾಲದಲ್ಲಿ ನಮ್ಮ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಬಿಡುವು ಮುಗಿಯುವ ತನಕ ನನ್ನ ಜೊತೆ ಇದ್ದು ಹೋಗುವುದೆಂದು ಮಾತಾಗಿತ್ತು. ಇವರು ನೋಡಿ ಹೋಗಲು ಬಂದರು. ನಾನು ಕರೆಸಿದ್ದು ಉಳಿಸಿಕೊಳ್ಳಲು. ಅದನ್ನು ಹೇಳಿರಲಿಲ್ಲ. ಬಾಯಿಬಿಟ್ಟು ಕೇಳಿದರೆ ಇವರು ಬಾಯಿಬಿಟ್ಟು ಇಲ್ಲ ಅನ್ನುತ್ತಾರೆ; ಒಮ್ಮೆ ಇಲ್ಲ ಅಂದರೆ ದೇವರು ಬಂದರೂ ಅದು ಹೌದು ಆಗುವುದಿಲ್ಲ. ಸ್ವಲ್ಪ ದೂರದಲ್ಲಿ ಒಂದು ಮೀನುಗಾರಿಕೆ ಬಂದರು ಇತ್ತು. ಅಲ್ಲಿ ಬೇರೆ ದೇಶದವರನ್ನೂ ಬೋಟಿಗೆ ತೆಗೆದುಕೊಳ್ಳುತ್ತಾರೆಂದು ಮೊದಲೇ ವಿಚಾರಿಸಿ ಇಟ್ಟಿದ್ದೆ. ಇವರಿಗೆಂದು ಒಂದು ಹಳೇ ಸೈಕಲ್ ಕೊಂಡಿದ್ದೆ, ಇವರ ಅಳತೆಯ ಮಳೆಕೋಟೂ ಕೊಂಡಿದ್ದೆ. ಸೈಕಲ್ ಇದ್ದರೆ ಊರು ಪರಿಚಯವಾಗುತ್ತದೆ, ಪರಿಚಯವಾದರೆ ಮನಸ್ಸು ನಿಲ್ಲುತ್ತದೆ ಎಂದು ನನ್ನ ಎಣಿಕೆ.

ಮೊದಲ ಸಲ ಸರ್ಕಲ್ಲಿಗೆ ಹೋದದ್ದು ಒಂದು ಸಂಜೆ. ನಿಯಮವನ್ನೆಲ್ಲ ಮನೆಯಲ್ಲೇ ಹೇಳಿಕೊಟ್ಟಿದ್ದೆ. ನಾನು ಮುಂದೆ, ಇವರು ಹಿಂದೆ. ನಾನು ಎಡಗೈ ಚಾಚಿ ಹೊರಬಿದ್ದು ತಿರುಗಿ ನೋಡಿದರೆ ಇವರಿಲ್ಲ. ಸರ್ಕಲ್ಲಿನೊಳಗೆ, ಲೇನಿನ ನಟ್ಟನಡುವೆ, ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದಾರೆ. ಎಡಗಡೆಯ ರಸ್ತೆಯ ಬಾಯಿಯಲ್ಲಿ ಒಂದು ಹಾಲಿನ ಟ್ಯಾಂಕರ್, ಇವರು ಹೋಗಲೆಂದು ಕಾಯುತ್ತಿದೆ. ಇವರು ಟ್ಯಾಂಕರ್ ಒಳಗೆ ಬರಲೆಂದು ಕಾಯುತ್ತಿದ್ದಾರೆ. ಬಾ ಬಾ ಎಂದು ಇವರು ಕೈ ಬೀಸುತ್ತಾರೆ, ಹೋಗಿ ಹೋಗಿ ಎಂದು ಡ್ರೈವರ್ ಕೈ ಬೀಸುತ್ತಾನೆ. ಇವರ ಹಿಂದೆ ಕಾರು, ಅದರ ಹಿಂದೆ ಇನ್ನೊಂದು ಕಾರು. ಯಾರೂ ಹಾರ್ನ್ ಹಾಕಲಿಲ್ಲ. ಹಾಕಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಒಬ್ಬ ಅಜ್ಜಿ ಕಾರಿನ ಗಾಜು ಇಳಿಸಿ, ಮೈ ಹುಷಾರಿಲ್ಲವೇ ಎಂದು ಇವರನ್ನು ಕೇಳಿದಳು. ಇವರು ಅವಳಿಗೂ ಬಾ ಎಂದು ಕೈ ತೋರಿಸಿದರು.

ಇವರು ಮಾಡಿದ್ದು ಏನೆಂದು ನನಗೆ ಆ ಕೂಡಲೇ ಗೊತ್ತಾಯಿತು. ಹೊನ್ನಾವರದವರ ಹೊರತು ಅಲ್ಲಿ ಇನ್ನಾರಿಗೂ ಗೊತ್ತಾಗುವಂಥದ್ದಲ್ಲ. ಶರಾವತಿ ಕಡಲು ಸೇರುವ ಬಾಯಿಗೆ ನಾವು ಅಳಿವೆ ಅನ್ನುತ್ತೇವೆ. ಅಲ್ಲಿ ಹೂಳು ತುಂಬಿ, ಇಂದು ಇದ್ದ ಮರಳದಿಬ್ಬ ನಾಳೆ ಇನ್ನೊಂದು ಕಡೆ ಇರುತ್ತದೆ. ಬೋಟು ದಾಟುವ ದಾರಿ ಇಕ್ಕಟ್ಟು. ನಮ್ಮವರ ರೂಢಿ ಏನೆಂದರೆ, ಕಡಲಿನಿಂದ ಒಳಗೆ ಬರುವ ಬೋಟಿಗೆ ಮೊದಲ ದಾರಿ. ಹೊಳೆಯೊಳಗೆ ಇರುವವರು ಇಂಜಿನ್ ತಗ್ಗಿಸಿ, ಕೈ ಎತ್ತಿ ಬಾ ಎಂದು ಕರೆದು, ಅದು ದಾಟುವ ತನಕ ನಿಲ್ಲಬೇಕು. ಹಾಗೆ ನಿಲ್ಲದೆ ನುಗ್ಗಿದವನ ಜೊತೆ ಬಂದರಿನಲ್ಲಿ ಯಾರೂ ಚಹಾ ಕುಡಿಯುವುದಿಲ್ಲ. ಪ್ರಾಯ ಬಂದಾಗಿನಿಂದ ಹಾಗೆ ನಿಂತ ಮನುಷ್ಯನಿಗೆ, ಒಳಗಿದ್ದವರು ಹೋಗಲಿ, ಬರುವವರು ಕಾಯಲಿ ಎಂದು ನಾನು ಒಂದು ಮಧ್ಯಾಹ್ನದಲ್ಲಿ ಕಲಿಸಲು ಹೊರಟಿದ್ದೆ.

ರಸ್ತೆ ಬದಿಗೆ ಎಳೆದುಕೊಂಡು ಬಂದು ಚೆನ್ನಾಗಿ ಬೈದೆ. ಇವರು ಕೇಳಿಸಿಕೊಂಡು ಹೇಳಿದ್ದು ಇಷ್ಟೇ:

“ಒಳಗೆ ಇದ್ದವಂಗೆ ಎಂತ ಅರ್ಜೆಂಟು? ಹೊರಗೆ ಇದ್ದವನ ಬೆನ್ನಿಗೆ ಕಡಲು ಅದೆ.”

ಅವನ ಬೆನ್ನಿಗೆ ಇರುವುದು ಕಡಲಲ್ಲ, ಹಾಲು ಎಂದೆ. ಇಬ್ಬರಿಗೂ ನಗು ಬಂತು. ಆದರೆ ನನಗೆ ಒಳಗೊಳಗೆ ಭಯವಾಯಿತು. ಒಂದು ಸರ್ಕಲ್ಲಿಗೇ ಒಗ್ಗದ ಮನುಷ್ಯ ಈ ದೇಶಕ್ಕೆ ಒಗ್ಗುವುದು ಯಾವಾಗ?

ಮರುದಿನ ನಾನು ಕೆಲಸಕ್ಕೆ ಹೋದ ಮೇಲೆ ಇವರು ಸರ್ಕಲ್ಲಿನ ಪಕ್ಕದ ಗಿಡ್ಡ ಗೋಡೆಯ ಮೇಲೆ ಹೋಗಿ ಕೂತರು. ಪಾಳಿ ಮುಗಿಸಿ ನಾನು ಬರುವಾಗಲೂ ಅಲ್ಲೇ ಇದ್ದರು. ಅಳಿವೆ ದಾಟುವ ಮೊದಲು ತಾಂಡೇಲ ಅಲೆಗಳನ್ನು ನೋಡುತ್ತ ನಿಲ್ಲುವ ಹಾಗೆ ವಾಹನ ನೋಡುತ್ತ ಕೂತಿದ್ದರಂತೆ. ಯಾವ ರಸ್ತೆಯವರು ಅವಸರದವರು, ಯಾರು ಬೆರಳೆತ್ತುತ್ತಾರೆ, ಯಾರು ದೀಪ ಹಾಕಿ ಒಂದು ಕಡೆ ತೋರಿಸಿ ಇನ್ನೊಂದು ಕಡೆ ಹೋಗುತ್ತಾರೆ, ಎಲ್ಲ ಹೇಳಿದರು. ಅದರ ಮಾರನೆಯ ದಿನ ಸೈಕಲ್ ಹತ್ತಿ ಒಂದೂ ತಪ್ಪಿಲ್ಲದೆ ಸುತ್ತಿ ಬಂದರು. ಕಾಯುತ್ತ ನಿಂತವರನ್ನು ಹಾಗೇ ದಾಟಿ ಹೋಗಲು ಮಾತ್ರ ಮನಸ್ಸೊಪ್ಪದೆ, ಪ್ರತಿ ರಸ್ತೆಯ ಬಾಯಿಯಲ್ಲಿ ಒಮ್ಮೆ ಕೈ ಎತ್ತಿಯೇ ಹೋಗುತ್ತಿದ್ದರು. ಡ್ರೈವರುಗಳೂ ಬೆರಳೆತ್ತುತ್ತಿದ್ದರು. ಕೆಲವೇ ದಿನಗಳಲ್ಲಿ ನನಗಿಂತ ಇವರಿಗೇ ಹೆಚ್ಚು ಜನರ ಗುರುತಾಯಿತು.

ಅಲ್ಲಿಂದ ನನ್ನ ಆಸೆ ಬೆಳೆಯಿತು. ಇವರು ದಿನಾ ಸಂಜೆ ಸರ್ಕಲ್ ದಾಟಿ ನನ್ನನ್ನು ಕರೆತರಲು ಬರುತ್ತಿದ್ದರು. ನೀನು ಹಾಲು ತರುವ ಅಂಗಡಿ ಯಾವುದು, ಮಳೆ ಬಂದರೆ ನಿಲ್ಲುವುದು ಯಾವ ಮಾಡಿನ ಕೆಳಗೆ, ಚಳಿಗಾಲದಲ್ಲಿ ಮಂಜಿನ ಮೇಲೆ ಜಾರಿ ಬಿದ್ದೆ ಎಂದೆಯಲ್ಲ, ಅದು ಎಲ್ಲಿ ಎಂದೆಲ್ಲ ಕೇಳುತ್ತಿದ್ದರು. ನಾನು ಉತ್ಸಾಹದಿಂದ ತೋರಿಸುತ್ತಿದ್ದೆ. ಉಳಿಯುವವರೇ ಅಲ್ಲವೇ ಊರನ್ನು ಹೀಗೆ ವಿಚಾರಿಸುವುದು? ಬಂದರಿಗೂ ಒಂದು ದಿನ ಕರೆದೊಯ್ದೆ. ಇವರು ಅಲ್ಲಿಯ ಬೋಟುಗಳನ್ನು ಮುಟ್ಟಿ ನೋಡಿದರು, ಹಗ್ಗದ ಗಂಟು ನೋಡಿ ತಲೆಯಾಡಿಸಿದರು, ಚಂದ ಬೋಟು ಎಂದರು. ಬೋಟು ಚಂದ ಎಂದ ಗಂಡಸು ಅರ್ಧ ಬಲೆಗೆ ಬಿದ್ದ ಹಾಗೆಯೇ ಎಂದುಕೊಂಡು ಆ ರಾತ್ರಿ ನೆಮ್ಮದಿಯಿಂದ ನಿದ್ದೆ ಮಾಡಿದೆ.

ಹೊರಡುವ ದಿನ ಹತ್ತಿರ ಬಂತು. ಒಂದು ಸಂಜೆ ಕೆಲಸದಿಂದ ಬರುವಾಗ ಇವರು ಮುಂದೆ, ನಾನು ಹಿಂದೆ. ಇವರು ಬಲಕ್ಕೆ ನೋಡಿ, ಲೇನಿನ ನಡುವೆ ಒಳಗೆ ಹೋಗಿ, ನಿಲ್ಲದೆ ಸುತ್ತಿ, ಎಡಗೈ ಚಾಚಿ ಹೊರಬಿದ್ದರು. ಆ ಊರಿನಲ್ಲೇ ಹುಟ್ಟಿದವರೂ ಅಷ್ಟು ಚೆನ್ನಾಗಿ ಹೋಗುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಸೈಕಲ್ ನಿಲ್ಲಿಸಿ, ಗೋಡೆಯ ಮೇಲೆ ಕೂರಿಸಿ, ಬಂದರಿನ ಕೆಲಸದ ವಿಷಯ ಹೇಳಿದೆ. ಇಲ್ಲೇ ಉಳಿಯಿರಿ ಎಂದೆ. ನಿಮ್ಮನ್ನು ಬಿಟ್ಟು ನನಗೆ ಇರಲು ಆಗುತ್ತಿಲ್ಲ ಎಂದೂ ಹೇಳಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಇವರಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಇವರು ಆಗುವುದಿಲ್ಲ ಎಂದರು. ಬೋಟಿನ ಹುಡುಗರೆಲ್ಲ ತನ್ನ ಕೈ ನಂಬಿ ಅಳಿವೆ ದಾಟುತ್ತಾರೆ, ಇಲ್ಲಿಯ ಕಡಲು ತನ್ನದಲ್ಲ ಎಂದರು. ನೀನೇ ಬಾ ಎಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಜಗಳ ಮಾಡಿ ಹಗುರಾಗುತ್ತಿದ್ದೆ.

“ಹಾಗಾದ್ರೆ ಇಷ್ಟೆಲ್ಲ ಎಂತಕ್ಕೆ ಕಲಿತ್ರಿ?” ಎಂದು ಕೇಳಿದೆ.

“ಊರಲ್ಲಿ ಕೂತ್ರೆ ನೀ ನನ್ನ ಕಣ್ಣಿಗೆ ಬರ್ತಿರಲಿಲ್ಲ,” ಎಂದರು. “ಫೋನಲ್ಲಿ ಮುಖ ಕಾಣ್ತದೆ. ಮುಖದ ಸುತ್ತ ಎಂತದೂ ಇಲ್ಲ. ಬೆಳಿಗ್ಗೆ ನೀ ಎಲ್ಲಿ ಹೋಗ್ತೆ, ಎಲ್ಲಿ ತಿರುಗ್ತೆ, ಒಂದೂ ಗೊತ್ತಿಲ್ಲ. ಈಗ ಗೊತ್ತಾತು. ಇನ್ನು ಬೋಟಲ್ಲಿ ನಿಂತಕಂಡೂ ನಿನ್ನ ಸಂಗಡ ಬರೂಕೆ ಅಡ್ಡಿಲ್ಲ.”

ನಾನು ಗೋಡೆಯ ಮೇಲೆ ಇವರ ಪಕ್ಕದಲ್ಲಿ ಕೂತೆ. ದೂರವಿದ್ದ ಅಷ್ಟೂ ಕಾಲ ಹಂಬಲಿಸಿದವಳು ನಾನೊಬ್ಬಳೇ ಎಂದು ತಿಳಿದಿದ್ದೆ. ಆದರೆ ಬೋಟು ಯಾವ ಹೊತ್ತಿಗೆ ಜೆಟ್ಟಿಗೆ ತಾಗುತ್ತದೆ, ಇವರು ಯಾವ ನಲ್ಲಿಯಲ್ಲಿ ಕಾಲು ತೊಳೆಯುತ್ತಾರೆ, ಯಾವ ಅಂಗಡಿಯ ಬೆಂಚಿನ ಯಾವ ತುದಿಯಲ್ಲಿ ಕೂರುತ್ತಾರೆ ಎಂಬುದೆಲ್ಲ ನನಗೆ ಕಣ್ಣು ಮುಚ್ಚಿದರೆ ಕಾಣುತ್ತಿತ್ತು. ಹಂಬಲಿಸಲು ನನಗಾದರೂ ಒಂದು ಜಾಗವಿತ್ತು. ಇವರಿಗೆ ಅದೂ ಇರಲಿಲ್ಲ. ಅದನ್ನು ಕಟ್ಟಿಕೊಂಡು ಹೋಗಲು ಇವರು ಇಷ್ಟು ದೂರ ಬಂದಿದ್ದರು.

ಎದುರಿಗೆ ವಾಹನಗಳು ಸುತ್ತುತ್ತಿದ್ದವು. ಗುರುತಿನ ಡ್ರೈವರ್ ಒಬ್ಬ ಬೆರಳೆತ್ತಿದ, ಇವರು ಕೈ ಎತ್ತಿದರು. ನಾನು ಅಳುತ್ತಿದ್ದೆ, ಇವರು ಅಳಬೇಡ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ಹೇಳಿದೆ:

“ಆತು. ನಾಳೆ ಕೆಲಸದ ಮನೆ ಒಳಗೂ ಬನ್ನಿ. ನಾ ಕೂತು ಉಣ್ಣೂ ಜಾಗ ನೀವು ಇನ್ನೂ ನೋಡಲಿಲ್ಲ.”